ಮಂದ ಎಣ್ಣೆಗೆ ಎಂತಹ ಪಂಪು? ಡೀಸೆಲ್ ಲಾರಿಗಳ ಇಂಧನ ಪೂರೈಕೆಯ ಲೆಕ್ಕಾಚಾರ

ಡೀಸೆಲ್ ಬೆಲೆ ಏರಿದಾಗಲೆಲ್ಲ ಅಗ್ಗದ ಇಂಧನಕ್ಕಾಗಿ ಹುಡುಕಾಟ ಆರಂಭವಾಗುವುದು ಸಹಜ. 2000ರ ದಶಕದಲ್ಲಿ ಅಮೆರಿಕದ ಹಳೆಯ ಡೀಸೆಲ್ ವಾಹನಗಳ ಮಾಲೀಕರಲ್ಲಿ ಒಂದು ವರ್ಗವು ಗ್ಯಾರೇಜುಗಳಲ್ಲಿ ಉಳಿದ ಎಂಜಿನ್ ಆಯಿಲ್, ಗೇರ್ ಆಯಿಲ್ ಹಾಗೂ ಹೋಟೆಲುಗಳಲ್ಲಿ ಕರಿದು ಉಳಿದ ಎಣ್ಣೆಯನ್ನು ಸೋಸಿ, ಡೀಸೆಲಿನೊಡನೆ ಬೆರೆಸಿ ಓಡಿಸುವ ರೂಢಿಯನ್ನು ಬೆಳೆಸಿತು. ಸೇನೆಯಿಂದ ಹರಾಜಾದ ಎಂ35 ಎಂಬ ಎರಡೂವರೆ ಟನ್ನಿನ ಲಾರಿಗಳು ಮತ್ತು 5.9 ಲೀಟರಿನ ಕಮಿನ್ಸ್ ಎಂಜಿನ್ ಹೊಂದಿದ ಡಾಡ್ಜ್ ಪಿಕಪ್‌ಗಳು ಈ ಪ್ರಯೋಗಕ್ಕೆ ಹೆಚ್ಚಾಗಿ ಒಳಗಾದವು. ಇಂತಹ ವಾಹನಗಳಲ್ಲಿ ಮೊದಲು ಕೈಕೊಟ್ಟದ್ದು ಬಹುಮಟ್ಟಿಗೆ ಟ್ಯಾಂಕಿನಿಂದ ಎಂಜಿನ್ನಿಗೆ ಇಂಧನ ಸಾಗಿಸುವ ಫೀಡ್ ಪಂಪು. ಅದರ ಬೆನ್ನಿಗೆ ಅದಕ್ಕಿಂತ ಹಲವು ಪಟ್ಟು ಬೆಲೆಬಾಳುವ ಇಂಜೆಕ್ಷನ್ ಪಂಪು.

ನಮ್ಮ ದೇಶದಲ್ಲಿ ಇಂತಹ ಮಿಶ್ರಣವನ್ನು ಲಾರಿಗೆ ಬಳಸುವುದಕ್ಕೆ ಕಾನೂನಿನ ತಡೆಗಳಿವೆ. ಅದನ್ನು ಮುಂದೆ ವಿವರಿಸಲಾಗಿದೆ. ಆದರೆ ಪಂಪುಗಳನ್ನು ತಯಾರಿಸುವ ಹಾಗೂ ಮಾರುವ ಉದ್ಯಮಿಗಳಿಗೆ ಕುಲುಮೆಯ ಬರ್ನರು, ಸಸ್ಯತೈಲದ ಜನರೇಟರು, ಎಣ್ಣೆ ಸಾಗಾಟ ಮೊದಲಾದ ಬಳಕೆಗಳಲ್ಲಿ ಇದೇ ಪ್ರಶ್ನೆ ಎದುರಾಗುತ್ತದೆ. ಪೆಟ್ಟಿಗೆಯ ಮೇಲೆ ‘ಗಂಟೆಗೆ ಇಷ್ಟು ಲೀಟರ್’ ಎಂದು ಮುದ್ರಿತವಾದ ಅಂಕಿಯನ್ನು ನಂಬಿ ಪಂಪು ಕೊಟ್ಟರೆ ಅದು ಮರಳಿ ಬರುವ ಸಂಭವವೇ ಹೆಚ್ಚು. ಆ ಅಂಕಿ ತೆಳುವಾದ ದ್ರವಕ್ಕೆ ಸಂಬಂಧಿಸಿದ್ದು. ಮಂದ ಎಣ್ಣೆಯಲ್ಲಿ ಆಯ್ಕೆಯನ್ನು ನಿರ್ಧರಿಸುವುದು ಪಂಪಿನ ಹೀರುವ ಬದಿಯ ಸ್ಥಿತಿ.

ಮೊದಲು ಎಣ್ಣೆಯ ಲೆಕ್ಕ

ದ್ರವವೊಂದು ಹರಿಯಲು ಒಡ್ಡುವ ಪ್ರತಿರೋಧವೇ ಸ್ನಿಗ್ಧತೆ. ಇದನ್ನು ಸೆಂಟಿಸ್ಟೋಕ್ಸ್ ಎಂಬ ಮಾನದಿಂದ ಅಳೆಯುತ್ತಾರೆ. ಭಾರತೀಯ ಮಾನಕದಂತೆ 40 ಡಿಗ್ರಿ ಸೆಲ್ಸಿಯಸ್‌ನಲ್ಲಿ ಡೀಸೆಲಿನ ಸ್ನಿಗ್ಧತೆ 2.0ರಿಂದ 4.5ರ ಒಳಗಿರಬೇಕು. ಅದೇ ಉಷ್ಣತೆಯಲ್ಲಿ ಅಡುಗೆ ಎಣ್ಣೆಗಳದು ಸುಮಾರು 30ರಿಂದ 40. ಲಾರಿಗಳಿಗೆ ಸಾಮಾನ್ಯವಾಗಿ ಹಾಕುವ 15ಡಬ್ಲ್ಯು-40 ದರ್ಜೆಯ ಎಂಜಿನ್ ಆಯಿಲಿನದು 100ಕ್ಕೂ ಮೇಲೆ.

ಎರಡು ಎಣ್ಣೆಗಳನ್ನು ಬೆರೆಸಿದಾಗ ಸ್ನಿಗ್ಧತೆ ಎರಡರ ಸರಾಸರಿಗೆ ಬಂದು ನಿಲ್ಲುವುದಿಲ್ಲ. ತೆಳು ದ್ರವದ ಕಡೆಗೆ ಬಹಳಷ್ಟು ವಾಲುತ್ತದೆ. ಡೀಸೆಲಿನಲ್ಲಿ ಕಾಲು ಭಾಗ ಎಂಜಿನ್ ಆಯಿಲ್ ಬೆರೆಸಿದರೆ 40 ಡಿಗ್ರಿಯಲ್ಲಿ ಸುಮಾರು 5ರಿಂದ 6, ಅರ್ಧ ಭಾಗ ಬೆರೆಸಿದರೆ ಸುಮಾರು 11ರಿಂದ 12 ಸೆಂಟಿಸ್ಟೋಕ್ಸ್ ಎಂದು ಲೆಕ್ಕ ತೋರಿಸುತ್ತದೆ. ಬೇಸಿಗೆಯ ಮಧ್ಯಾಹ್ನ ಇಂತಹ ಮಿಶ್ರಣ ತೊಂದರೆ ಕೊಡದೆ ಓಡುವುದಕ್ಕೆ ಇದೇ ಕಾರಣ. ಆದರೆ ಅದೇ ಅರ್ಧಕ್ಕರ್ಧ ಮಿಶ್ರಣವು 10 ಡಿಗ್ರಿಯ ಚಳಿಯಲ್ಲಿ 30ನ್ನು ಮೀರುತ್ತದೆ. ಅಮೆರಿಕದ ಉತ್ತರ ರಾಜ್ಯಗಳಂತೆ ನೀರು ಹೆಪ್ಪುಗಟ್ಟುವ ಚಳಿಯಿದ್ದರೆ ಹೇಳಬೇಕಾದುದೇ ಇಲ್ಲ. ಆದುದರಿಂದ ಪಂಪನ್ನು ವಾಹನ ಎದುರಿಸಬೇಕಾದ ಅತಿ ತಣ್ಣನೆಯ ಬೆಳಗಿಗೆ ಆರಿಸಬೇಕು, ಅಂಗಡಿಯಲ್ಲಿ ಪರೀಕ್ಷಿಸಿದ ಹೊತ್ತಿಗಲ್ಲ.

ಹೀರುವ ಬದಿಯೇ ನಿರ್ಣಾಯಕ

ಪಂಪು ಎಣ್ಣೆಯನ್ನು ಮುಂದಕ್ಕೆ ತಳ್ಳುವಾಗ ಅದರ ಹಿಂದೆ ಮೋಟಾರಿನ ಬಲವಿರುತ್ತದೆ. ಹೀರುವಾಗ ಮಾತ್ರ ಅದಕ್ಕೆ ದೊರೆಯುವುದು ಟ್ಯಾಂಕಿನ ಎಣ್ಣೆಯ ಮೇಲಿರುವ ವಾಯುಮಂಡಲದ ಒತ್ತಡವಷ್ಟೆ: ಸಮುದ್ರಮಟ್ಟದಲ್ಲಿ ಸುಮಾರು 1 ಬಾರ್, ಬೆಂಗಳೂರಿನಂತಹ ಎತ್ತರದ ಊರಿನಲ್ಲಿ ಸುಮಾರು 0.9 ಬಾರ್. ಪೈಪು, ಜಾಲರಿ ಮತ್ತು ತಿರುವುಗಳಲ್ಲಿ ಈ ಒತ್ತಡದ ಹೆಚ್ಚಿನ ಪಾಲು ಕರಗಿದರೆ ಎಣ್ಣೆಯಲ್ಲಿ ಅಡಗಿದ್ದ ಗಾಳಿ ಗುಳ್ಳೆಗಳಾಗಿ ಹೊರಬರುತ್ತದೆ. ಸಡಿಲವಾದ ಜೋಡಣೆಗಳಿಂದ ಹೊರಗಿನ ಗಾಳಿಯೂ ಒಳಸೇರುತ್ತದೆ. ಪಂಪು ತಿರುಗುತ್ತಿದ್ದರೂ ಎಂಜಿನ್ನಿಗೆ ನೊರೆ ತಲುಪುತ್ತದೆ.

ಒಂದು ಉದಾಹರಣೆ. ಸುಮಾರು 150 ಅಶ್ವಶಕ್ತಿಯ ಎಂಜಿನ್ ಪೂರ್ಣ ಹೊರೆಯಲ್ಲಿ ಗಂಟೆಗೆ 30 ಲೀಟರಿನಷ್ಟು ಇಂಧನ ಸುಡುತ್ತದೆ. ಇಂಜೆಕ್ಷನ್ ಪಂಪನ್ನು ತಂಪಾಗಿಡಲು ಮತ್ತು ಗಾಳಿಯನ್ನು ಹೊರದಬ್ಬಲು ಹೆಚ್ಚುವರಿ ಇಂಧನ ಹರಿದು ಟ್ಯಾಂಕಿಗೆ ಮರಳಬೇಕಾದುದರಿಂದ ಪೂರೈಕೆ 100 ಲೀಟರ್ ಇರಲಿ. 8 ಮಿ.ಮೀ. ಒಳವ್ಯಾಸದ 4 ಮೀಟರ್ ಪೈಪಿನಲ್ಲಿ ಬೆಚ್ಚಗಿನ ಡೀಸೆಲ್ ಹರಿದಾಗ ಕಳೆದುಹೋಗುವ ಒತ್ತಡ ಸುಮಾರು 0.03 ಬಾರ್. ಮೇಲೆ ಹೇಳಿದ ತಣ್ಣನೆಯ ಮಿಶ್ರಣಕ್ಕೆ ಅದು 0.3 ಬಾರ್ ದಾಟುತ್ತದೆ. ಜಾಲರಿ ಮತ್ತು ತಿರುವುಗಳ ನಷ್ಟ ಇದಕ್ಕೆ ಸೇರಬೇಕಾದದ್ದು ಬೇರೆ.

ಪರಿಹಾರವೂ ಇದೇ ಲೆಕ್ಕದಲ್ಲಿದೆ. ಮಂದ ಹರಿವಿನಲ್ಲಿ ಒತ್ತಡದ ನಷ್ಟವು ಪೈಪಿನ ವ್ಯಾಸದ ನಾಲ್ಕನೆಯ ಘಾತಕ್ಕೆ ವಿಲೋಮವಾಗಿ ಬದಲಾಗುತ್ತದೆ. 8 ಮಿ.ಮೀ. ಬದಲಿಗೆ 12 ಮಿ.ಮೀ. ಪೈಪು ಹಾಕಿದರೆ ನಷ್ಟ ಐದನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಎಷ್ಟೋ ಸಂದರ್ಭಗಳಲ್ಲಿ ದೊಡ್ಡ ಪಂಪಿಗಿಂತ ದಪ್ಪ ಪೈಪೇ ಹೆಚ್ಚು ಪ್ರಯೋಜನಕಾರಿ. ಪಂಪನ್ನು ಎಂಜಿನ್ನಿನ ಬಳಿ ಇಡದೆ ಟ್ಯಾಂಕಿನ ಪಕ್ಕದಲ್ಲಿ, ಎಣ್ಣೆಯ ಮಟ್ಟಕ್ಕಿಂತ ಕೆಳಗೆ ಅಳವಡಿಸಬೇಕೆಂಬ ನಿಯಮವೂ ಇದರಿಂದಲೇ ಬಂದದ್ದು. ಡಾಡ್ಜ್ ವಾಹನಗಳ ಅನುಭವ ಇದಕ್ಕೆ ನಿದರ್ಶನ. 1998ರ ಮಧ್ಯದಿಂದ 2002ರವರೆಗಿನ ಮಾದರಿಗಳಲ್ಲಿ ವಿದ್ಯುತ್ ಫೀಡ್ ಪಂಪನ್ನು ಎಂಜಿನ್ನಿನ ಮೇಲೆಯೇ ಕೂರಿಸಲಾಗಿತ್ತು. ಅದು ದೂರದ ಟ್ಯಾಂಕಿನಿಂದ ಹೀರಬೇಕಾಗಿತ್ತು. ಶುದ್ಧ ಡೀಸೆಲಿನಲ್ಲಿಯೇ ಅದು ಸೋಲುತ್ತಿತ್ತು. ಇಂಧನದಿಂದಲೇ ತಂಪಾಗುವ ವಿಪಿ44 ಇಂಜೆಕ್ಷನ್ ಪಂಪು ಇಂಧನ ಸಾಲದೆ ಕೆಟ್ಟುಹೋದ ಪ್ರಕರಣಗಳು ಅಲ್ಲಿಯ ದುರಸ್ತಿಗಾರರಿಗೆಲ್ಲ ಪರಿಚಿತ.

ಪಂಪಿನ ಬಗೆಗಳು

ಹಳೆಯ ಟಾಟಾ, ಲೇಲ್ಯಾಂಡ್ ಲಾರಿಗಳಲ್ಲಿ ‘ಮೈಕೊ ಪಂಪು’ ಎಂದೇ ಹೆಸರಾದ ಇನ್‌ಲೈನ್ ಇಂಜೆಕ್ಷನ್ ಪಂಪಿನ ಪಕ್ಕದಲ್ಲಿ ಚಿಕ್ಕ ಪ್ಲಂಜರ್ ಫೀಡ್ ಪಂಪು ಇರುತ್ತದೆ. (1951ರಲ್ಲಿ ಸ್ಥಾಪಿತವಾದ ಮೈಕೊ ಸಂಸ್ಥೆ 2008ರಲ್ಲಿ ಬಾಷ್ ಲಿಮಿಟೆಡ್ ಎಂದು ಹೆಸರು ಬದಲಿಸಿಕೊಂಡಿತು.) ಕ್ಯಾಮ್ ಈ ಪ್ಲಂಜರನ್ನು ಒಂದು ಕಡೆಗೆ ಒತ್ತುತ್ತದೆ, ಹಿಂದಿರುಗುವಾಗ ಸ್ಪ್ರಿಂಗು ಎಣ್ಣೆಯನ್ನು ಮುಂದಕ್ಕೂ ತಳ್ಳುತ್ತದೆ, ಹೊಸ ಎಣ್ಣೆಯನ್ನೂ ಹೀರುತ್ತದೆ. ಎರಡೂ ಕೆಲಸ ಸ್ಪ್ರಿಂಗಿನದೇ. ಎಣ್ಣೆ ಮಂದವಾದಾಗ ಸ್ಪ್ರಿಂಗು ಸಕಾಲದಲ್ಲಿ ಹಿಂದಿರುಗದೆ ಪೂರೈಕೆ ಕುಗ್ಗುತ್ತದೆ. ಪಂಪು ಗಟ್ಟಿಮುಟ್ಟಾದುದೇ ಆದರೂ ಮಂದ ಎಣ್ಣೆಯನ್ನು ದೂರದಿಂದ ಹೀರಲು ಒಂಟಿಯಾಗಿ ಸಾಲದು. ಟ್ಯಾಂಕಿನ ಬಳಿಯ ಸಹಾಯಕ ಪಂಪು ಅದರ ಹೊರೆಯನ್ನು ಇಳಿಸಬಲ್ಲದು.

‘ಟಕ್ ಟಕ್’ ಎಂದು ಬಡಿಯುವ ಅಗ್ಗದ ವಿದ್ಯುತ್ ಪಂಪುಗಳಲ್ಲಿಯೂ ಸ್ಪ್ರಿಂಗೇ ಪ್ಲಂಜರನ್ನು ಹಿಂದಿರುಗಿಸುವುದರಿಂದ ಅದೇ ಮಿತಿ ಕಾಣುತ್ತದೆ. ತೆಳು ಮಿಶ್ರಣಕ್ಕೆ ಇವು ಸಾಕು. ಮಂದ ಎಣ್ಣೆಯಲ್ಲಿ ಬಡಿತ ಕೇಳಿಸುತ್ತದೆ, ಎಣ್ಣೆ ಬರುವುದಿಲ್ಲ. ರಬ್ಬರ್ ಪೊರೆಯ ಡಯಾಫ್ರಮ್ ಪಂಪು ಸಣ್ಣ ಕೊಳೆಯನ್ನು ಸಹಿಸುತ್ತದೆ. ಆದರೆ ಬಿಸಿ ಸಸ್ಯತೈಲಕ್ಕೆ ಒಗ್ಗದ ರಬ್ಬರಾದರೆ ಪೊರೆ ಉಬ್ಬಿ ಹರಿಯುತ್ತದೆ. ಜಾರುವ ರೆಕ್ಕೆಗಳ ವೇನ್ ಪಂಪು ಒಳ್ಳೆಯ ಒತ್ತಡ ನೀಡಿದರೂ ಕೊಳೆಯಿಂದ ಬೇಗ ಸವೆಯುತ್ತದೆ. ಅಂಟು ಕಟ್ಟಿದರೆ ರೆಕ್ಕೆಗಳು ಸಿಕ್ಕಿಬೀಳುತ್ತವೆ. ಪೆಟ್ರೋಲ್ ಕಾರುಗಳ ಟ್ಯಾಂಕಿನೊಳಗಿನ ಟರ್ಬೈನ್ ಮಾದರಿಯ ಪಂಪು ಈ ಕೆಲಸಕ್ಕೆ ಸಲ್ಲದು. ಸ್ನಿಗ್ಧತೆ ಏರಿದಂತೆ ಅದರ ಪೂರೈಕೆ ಕುಸಿಯುತ್ತದೆ.

ಇವುಗಳ ನಡುವೆ ಗೇರ್ ಪಂಪು ಮತ್ತು ಅದೇ ಕುಲದ ಜೆರೋಟರ್ ಪಂಪು ಹೆಚ್ಚು ಸೂಕ್ತ. ಹಲ್ಲುಗಳ ನಡುವಿನ ಸಂದಿನಲ್ಲಿ ತೆಳು ಡೀಸೆಲ್ ಹಿಂದಕ್ಕೆ ಜಿನುಗುತ್ತದೆ; ಮಂದ ಎಣ್ಣೆ ಅಷ್ಟು ಜಿನುಗದೆ ಸಂದನ್ನು ತಾನೇ ಮುಚ್ಚುತ್ತದೆ. ಹಾಗಾಗಿ ಸ್ನಿಗ್ಧತೆ ಏರಿದಂತೆ ಇದರ ದಕ್ಷತೆ ಹೆಚ್ಚುತ್ತದೆ. ಆದರೆ ಮೂರು ಷರತ್ತುಗಳಿವೆ. ದಾರಿ ಮುಚ್ಚಿದರೂ ಇದು ತಳ್ಳುತ್ತಲೇ ಇರುವುದರಿಂದ ರಿಲೀಫ್ ವಾಲ್ವು ಕಡ್ಡಾಯ. ವೇಗವಾಗಿ ತಿರುಗುವ ಸಣ್ಣ ಪಂಪಿಗಿಂತ ನಿಧಾನವಾಗಿ ತಿರುಗುವ ದೊಡ್ಡ ಪಂಪು ಲೇಸು. ಹಲ್ಲುಗಳ ನಡುವೆ ಎಣ್ಣೆ ತುಂಬಲು ಸಮಯ ಬೇಕು. ತಣ್ಣನೆಯ ಎಣ್ಣೆಯಲ್ಲಿ ಮೋಟಾರು ಹೆಚ್ಚು ವಿದ್ಯುತ್ ಎಳೆಯುವುದರಿಂದ ದಪ್ಪ ತಂತಿ, ರಿಲೇ ಮತ್ತು ಫ್ಯೂಸ್ ಇರಬೇಕು. ಎಂಜಿನ್ ನಿಂತೊಡನೆ ಪಂಪೂ ನಿಲ್ಲುವಂತೆ ಆಯಿಲ್ ಪ್ರೆಷರ್ ಸ್ವಿಚ್ಚಿನ ಮೂಲಕ ಸಂಪರ್ಕ ಕೊಡುವುದು ಅಪಘಾತದ ವೇಳೆ ಜೀವ ಉಳಿಸಬಲ್ಲ ಏರ್ಪಾಡು.

ಇಂಜೆಕ್ಷನ್ ಪಂಪಿಗೆ ತಕ್ಕ ಒತ್ತಡ

ಹೆಚ್ಚು ಒತ್ತಡ ಎಂದರೆ ಹೆಚ್ಚು ಒಳ್ಳೆಯದು ಎಂಬ ಭಾವನೆ ತಪ್ಪು. 1994ರಿಂದ 1998ರವರೆಗಿನ ಕಮಿನ್ಸ್ ಎಂಜಿನ್ನಿನಲ್ಲಿದ್ದ ಬಾಷ್ ಪಿ7100 ಇನ್‌ಲೈನ್ ಪಂಪಿಗೆ ಒಂದು ಬಾರಿಗಿಂತ ಹೆಚ್ಚಿನ ಫೀಡ್ ಒತ್ತಡ ಬೇಕು. ಇಂತಹ ಪಂಪುಗಳ ಕ್ಯಾಮ್ ಭಾಗಕ್ಕೆ ಪ್ರತ್ಯೇಕವಾಗಿ ಎಂಜಿನ್ ಆಯಿಲ್ ಸಿಗುವುದರಿಂದ ಇಂಧನದ ಏರುಪೇರನ್ನು ಇವು ಹೆಚ್ಚು ತಾಳಿಕೊಳ್ಳುತ್ತವೆ. ರೋಟರಿ ಪಂಪುಗಳ ಒಳಗೆ ತಮ್ಮದೇ ಆದ ವೇನ್ ಪಂಪು ಇರುತ್ತದೆ. ಒಳಭಾಗಗಳೆಲ್ಲ ಇಂಧನದಿಂದಲೇ ನೆನೆಯುತ್ತವೆ. ಇವುಗಳಿಗೆ ಒಳಬರುವ ಒತ್ತಡ ಮಿತಿಮೀರಿದರೆ ಇಂಜೆಕ್ಷನ್ ಸಮಯ ವ್ಯತ್ಯಾಸವಾಗುತ್ತದೆ, ಸೀಲು ಸೋರಿ ಇಂಧನ ಎಂಜಿನ್ ಆಯಿಲಿಗೆ ಸೇರಬಹುದು. ಆಯಾ ತಯಾರಕರ ಕೈಪಿಡಿಯಲ್ಲಿರುವ ಒತ್ತಡದ ಮಿತಿಯನ್ನೇ ಪಾಲಿಸಬೇಕು.

ಕಾಮನ್ ರೈಲ್ ಎಂಜಿನ್‌ಗಳ ವಿಷಯ ಬೇರೆಯೇ. ಅಲ್ಲಿ ಒತ್ತಡ 1,000 ಬಾರನ್ನು ಎಷ್ಟೋ ಮೀರುತ್ತದೆ. ಇಂಜೆಕ್ಟರಿನ ಸಂದುಗಳು ಅತಿ ಸೂಕ್ಷ್ಮ. ಬಳಸಿದ ಆಯಿಲಿನ ಮಸಿಯ ಕಣಗಳು ಒಂದು ಮೈಕ್ರಾನಿಗಿಂತ ಸಣ್ಣವಾಗಿದ್ದು ಸಾಮಾನ್ಯ ಫಿಲ್ಟರನ್ನು ದಾಟುತ್ತವೆ. ಆಯಿಲಿನಲ್ಲಿ ಸೇರಿಸಿದ ಕ್ಯಾಲ್ಸಿಯಂ, ಸತುವಿನ ಸಂಯುಕ್ತಗಳು ಸುಟ್ಟು ಬೂದಿಯಾಗಿ ಹೊಗೆಕೊಳವೆಯ ಕಣ ಶೋಧಕವನ್ನು ಮುಚ್ಚುತ್ತವೆ. ಭಾರತದಲ್ಲಿ 2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಬಿಎಸ್-6 ಲಾರಿಗಳಿಗೆ ಯಾವ ಫೀಡ್ ಪಂಪು ಹಾಕಿದರೂ ಇಂತಹ ಮಿಶ್ರಣ ಹೊಂದುವುದಿಲ್ಲ.

ಸೋಸುವಿಕೆ ಮತ್ತು ಸಾಮಗ್ರಿ

ಹೀರುವ ಬದಿಯಲ್ಲಿ ಒರಟು ಜಾಲರಿ, ತಳ್ಳುವ ಬದಿಯಲ್ಲಿ ಸೂಕ್ಷ್ಮ ಫಿಲ್ಟರು ಎಂಬುದು ಸರಿಯಾದ ಕ್ರಮ. ಸೂಕ್ಷ್ಮ ಫಿಲ್ಟರನ್ನು ಪಂಪಿನ ಹಿಂದೆ ಇಟ್ಟರೆ ಹೀರುವ ದಾರಿಯೇ ಮುಚ್ಚುತ್ತದೆ. ನೀರನ್ನು ಬೇರ್ಪಡಿಸುವ ಬಟ್ಟಲು ಇರಲೇಬೇಕು. ಸಸ್ಯತೈಲ ಹರಿಯುವಲ್ಲಿ ತಾಮ್ರ, ಹಿತ್ತಾಳೆ ಮತ್ತು ಸತುವಿನ ಲೇಪದ ಭಾಗಗಳು ಬೇಡ; ಇವು ಎಣ್ಣೆ ಬೇಗ ಕೆಟ್ಟು ಅಂಟಾಗಲು ಕಾರಣವಾಗುತ್ತವೆ. ಸೀಲುಗಳಿಗೆ ವಿಟಾನ್ ಯೋಗ್ಯ. ಎಂಜಿನ್ನಿನ ಬಿಸಿನೀರಿನಿಂದ ಎಣ್ಣೆಯನ್ನು 70-80 ಡಿಗ್ರಿಗೆ ಕಾಯಿಸಿದರೆ ಸಸ್ಯತೈಲದ ಸ್ನಿಗ್ಧತೆ ಸುಮಾರು ಮೂರನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಆದರೆ ಎಂಜಿನ್ ಬಿಸಿಯಾಗುವವರೆಗೆ ಈ ಅನುಕೂಲವಿಲ್ಲ. ಎಣ್ಣೆಯನ್ನು ತೆಳುವಾಗಿಸಲು ಪೆಟ್ರೋಲ್ ಬೆರೆಸುವುದು ಅಪಾಯಕರ. ಟ್ಯಾಂಕಿನ ಆವಿ ಬೆಂಕಿಗೆ ಸುಲಭವಾಗಿ ತುತ್ತಾಗುತ್ತದೆ.

ಕಾನೂನಿನ ಚೌಕಟ್ಟು

2016ರ ಅಪಾಯಕಾರಿ ಮತ್ತು ಇತರ ತ್ಯಾಜ್ಯಗಳ ನಿಯಮಗಳು ಬಳಸಿದ ಎಂಜಿನ್ ಆಯಿಲನ್ನು ಅಪಾಯಕಾರಿ ತ್ಯಾಜ್ಯದ ವ್ಯಾಪ್ತಿಗೆ ತಂದಿವೆ. ಅದನ್ನು ಅಧಿಕೃತ ಮರುಸಂಸ್ಕರಣಕಾರರಿಗೆ ಒಪ್ಪಿಸಬೇಕು. 2024ರ ಏಪ್ರಿಲ್ 1ರಿಂದ ಲೂಬ್ರಿಕೆಂಟ್ ಉತ್ಪಾದಕರ ಮೇಲೂ ಮರುಸಂಸ್ಕರಣೆಯ ಹೊಣೆ ಬಿದ್ದಿದೆ. ಕಲಬೆರಕೆ ಇಂಧನವನ್ನು ಡೀಸೆಲ್ ಎಂದು ಮಾರುವುದು 2005ರ ಮೋಟಾರ್ ಸ್ಪಿರಿಟ್ ಮತ್ತು ಹೈಸ್ಪೀಡ್ ಡೀಸೆಲ್ ಆದೇಶದಂತೆ ಅಪರಾಧ. ಕರಿದ ಎಣ್ಣೆಗೆ ಸನ್ಮಾರ್ಗವೊಂದು ತೆರೆದಿದೆ: ಆಹಾರ ಸುರಕ್ಷತಾ ಪ್ರಾಧಿಕಾರವು 2018ರಲ್ಲಿ ಆರಂಭಿಸಿದ ‘ರುಕೊ’ ಕಾರ್ಯಕ್ರಮದಡಿ ಅದನ್ನು ಸಂಗ್ರಹಿಸಿ ಜೈವಿಕ ಡೀಸೆಲ್ ಆಗಿ ಪರಿವರ್ತಿಸಲಾಗುತ್ತದೆ. ಆ ಪರಿವರ್ತನೆಯಿಂದ ಸ್ನಿಗ್ಧತೆ 3.5ರಿಂದ 5.0ರ ಮಿತಿಗೆ ಇಳಿಯುವುದರಿಂದ ಮಂದ ಎಣ್ಣೆಯ ಸಮಸ್ಯೆಯೇ ಮೂಲದಲ್ಲಿ ಪರಿಹಾರವಾಗುತ್ತದೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ನಡೆದ ಹೊಂಗೆ ಎಣ್ಣೆಯ ಜನರೇಟರ್ ಪ್ರಯೋಗಗಳಂತಹ ಕಡೆ, ಪರಿವರ್ತಿಸದ ಎಣ್ಣೆಯನ್ನೇ ಬಳಸುವಾಗ, ಮೇಲಿನ ಲೆಕ್ಕಗಳು ಅನ್ವಯಿಸುತ್ತವೆ.

ಗಿರಾಕಿಯನ್ನು ಕೇಳಬೇಕಾದ ಪ್ರಶ್ನೆಗಳು

ಮಂದ ಎಣ್ಣೆಗೆ ಪಂಪು ಕೇಳಿ ಬಂದ ಗಿರಾಕಿಯಿಂದ ವರ್ತಕರು ಆರು ಸಂಗತಿಗಳನ್ನು ತಿಳಿದುಕೊಳ್ಳುವುದು ಒಳಿತು. ಎಣ್ಣೆ ಯಾವುದು, ಅದನ್ನು ಬಳಸಲು ಅನುಮತಿ ಇದೆಯೇ? ಅತಿ ತಣ್ಣನೆಯ ವೇಳೆಯಲ್ಲಿ ಅದರ ಸ್ನಿಗ್ಧತೆ ಎಷ್ಟು? ಟ್ಯಾಂಕಿನಿಂದ ಪಂಪಿಗೆ ಎಷ್ಟು ದೂರ, ಪೈಪಿನ ಒಳವ್ಯಾಸವೆಷ್ಟು? ಎಂಜಿನ್ ಅಥವಾ ಬರ್ನರಿಗೆ ಬೇಕಾದ ಹರಿವು ಮತ್ತು ಒತ್ತಡವೆಷ್ಟು? ಇಂಜೆಕ್ಷನ್ ಪಂಪು ಯಾವ ಬಗೆಯದು? ಎಣ್ಣೆಯನ್ನು ಎಲ್ಲಿಯವರೆಗೆ ಸೋಸಲಾಗಿದೆ? ಈ ಉತ್ತರಗಳನ್ನು ಬಿಲ್ಲಿನೊಡನೆ ಬರೆದಿಟ್ಟುಕೊಂಡರೆ ಮುಂದೆ ವಾರಂಟಿಯ ತಕರಾರಿಗೆ ಆಸ್ಪದ ಕಡಿಮೆ.

ಅಳವಡಿಸಿದ ಬಳಿಕ ಎರಡು ಮಾಪಕಗಳು ಸಾಕ್ಷಿ ಹೇಳುತ್ತವೆ: ಪಂಪಿನ ಹೀರುವ ಬದಿಯಲ್ಲಿ ವ್ಯಾಕ್ಯೂಮ್ ಗೇಜು, ಫಿಲ್ಟರು ದಾಟಿದ ಮೇಲೆ ಪ್ರೆಷರ್ ಗೇಜು. ಬೆಳಗಿನ ಚಳಿಯಲ್ಲಿ, ಪೂರ್ಣ ಹೊರೆಯಲ್ಲಿ ಹೀರುವ ಬದಿಯ ನಿರ್ವಾತ 0.2 ಬಾರ್ ಮೀರದಂತಿದ್ದು ಫಿಲ್ಟರಿನಾಚೆಯ ಒತ್ತಡ ಕೈಪಿಡಿಯ ಮಿತಿಯೊಳಗೆ ನಿಂತರೆ ಆಯ್ಕೆ ಸರಿಯಾಗಿದೆ ಎಂದರ್ಥ. ನಿರ್ವಾತ ಹೆಚ್ಚಿದ್ದರೆ ಪೈಪು ಮತ್ತು ಜಾಲರಿಯನ್ನು ನೋಡಬೇಕು. ನಿರ್ವಾತ ಸರಿಯಾಗಿದ್ದು ಒತ್ತಡ ಕುಸಿದರೆ ಫಿಲ್ಟರನ್ನು, ಬಳಿಕ ಪಂಪನ್ನು ನೋಡಬೇಕು. ಇವೆರಡು ಮಾಪಕಗಳ ಬೆಲೆ ಒಂದು ಇಂಜೆಕ್ಷನ್ ಪಂಪಿನ ದುರಸ್ತಿ ವೆಚ್ಚದ ಅಲ್ಪ ಭಾಗ ಮಾತ್ರ.