ಸುರಕ್ಷಿತ ರಕ್ತಪೂರಣ: ದಾದಿಯರು ಅರಿತಿರಬೇಕಾದ ಅಂಶಗಳು

ಹೆರಿಗೆಯ ನಂತರ ಅತಿಯಾದ ರಕ್ತಸ್ರಾವಕ್ಕೆ ಒಳಗಾದ ತಾಯಿಗೆ ಸಕಾಲದಲ್ಲಿ ದೊರೆತ ರಕ್ತವು ಪ್ರಾಣದಾನಕ್ಕೆ ಸಮಾನವಾದುದು. ಆದರೆ ಅದೇ ರಕ್ತವು ಆಕೆಗೆ ಹೊಂದದಿದ್ದಲ್ಲಿ ಪ್ರಾಣಾಪಾಯವನ್ನೂ ತರಬಲ್ಲದು. ರಕ್ತ ನೀಡಬೇಕೆಂದು ನಿರ್ಧರಿಸುವವರು ವೈದ್ಯರು. ಅದನ್ನು ಪರೀಕ್ಷಿಸಿ ಒದಗಿಸುವುದು ರಕ್ತನಿಧಿ. ಆದರೂ ರಕ್ತದ ಚೀಲವನ್ನು ರೋಗಿಗೆ ಜೋಡಿಸುವ ಕೊನೆಯ ಕೈ ಬಹುಮಟ್ಟಿಗೆ ದಾದಿಯರದು. ಅಲ್ಲಿಯವರೆಗೆ ನುಸುಳಿ ಬಂದ ತಪ್ಪನ್ನು ತಡೆಯುವ ಕೊನೆಯ ಅವಕಾಶವೂ ಅವರದೇ.

ಗುಂಪು ಮತ್ತು ಹೊಂದಾಣಿಕೆ

ಮಾನವರ ರಕ್ತದಲ್ಲಿ ಭಿನ್ನ ಗುಂಪುಗಳಿವೆ ಎಂಬುದನ್ನು ವಿಯೆನ್ನಾದ ಕಾರ್ಲ್ ಲ್ಯಾಂಡ್‌ಸ್ಟೈನರ್ 1901ರಲ್ಲಿ ಪ್ರಕಟಿಸಿದರು. ಎ ಗುಂಪಿನವರ ರಕ್ತದಲ್ಲಿ ಬಿ ಕಣಗಳನ್ನು ನಾಶಪಡಿಸುವ ಪ್ರತಿಕಾಯಗಳು ಸಹಜವಾಗಿಯೇ ಇರುತ್ತವೆ. ಆದುದರಿಂದ ತಪ್ಪು ಗುಂಪಿನ ರಕ್ತವು ಸ್ವಲ್ಪ ಪ್ರಮಾಣದಲ್ಲಿ ಸೇರಿದರೂ ಕೆಂಪು ಕಣಗಳು ರಕ್ತನಾಳಗಳಲ್ಲಿಯೇ ಒಡೆದು ಮೂತ್ರಪಿಂಡಗಳು ವಿಫಲವಾಗಬಹುದು. 1952ರಲ್ಲಿ ವರದಿಯಾದ ಬಾಂಬೆ ಗುಂಪು ಸಾಮಾನ್ಯ ಪರೀಕ್ಷೆಯಲ್ಲಿ ಓ ಗುಂಪಿನಂತೆಯೇ ತೋರುತ್ತದೆ. ಆದರೆ ಅಂಥವರಿಗೆ ಓ ಗುಂಪಿನ ರಕ್ತವೂ ಹೊಂದದು. ಗುಂಪನ್ನು ತಿಳಿದರಷ್ಟೇ ಸಾಲದು, ಹೊಂದಾಣಿಕೆಯ ಪರೀಕ್ಷೆಯೂ ಅಗತ್ಯವೆಂಬುದಕ್ಕೆ ಇದೇ ನಿದರ್ಶನ.

ಹೆಸರಿನ ಖಚಿತತೆ

ಪರೀಕ್ಷೆ ಎಷ್ಟೇ ನಿಖರವಾಗಿದ್ದರೂ ಶೀಶೆಯ ಮೇಲಿನ ಹೆಸರು ತಪ್ಪಾಗಿದ್ದರೆ ಪ್ರಯೋಜನವಿಲ್ಲ. ಒಂದೇ ವಾರ್ಡಿನಲ್ಲಿ ಇಬ್ಬರು ಲಕ್ಷ್ಮಮ್ಮ ಇರುವುದು ನಮ್ಮಲ್ಲಿ ಅಪರೂಪವಲ್ಲ. "ನೀವು ಲಕ್ಷ್ಮಮ್ಮನೇ?" ಎಂದು ಕೇಳಿದರೆ ಭಯಗೊಂಡ ಅಥವಾ ಮಂಪರಿನಲ್ಲಿರುವ ರೋಗಿಯು ಹೌದೆಂದೇ ತಲೆಯಾಡಿಸಬಹುದು. "ನಿಮ್ಮ ಹೆಸರೇನು?" ಎಂದು ಕೇಳಿ, ಅವರ ಬಾಯಿಂದಲೇ ಹೇಳಿಸಿ, ಆಸ್ಪತ್ರೆಯ ಸಂಖ್ಯೆಯೊಡನೆ ತಾಳೆ ನೋಡಬೇಕು. ಶೀಶೆಗೆ ಚೀಟಿಯನ್ನು ಮುಂಚಿತವಾಗಿ ಅಂಟಿಸದೆ, ರಕ್ತ ತೆಗೆದ ಕೂಡಲೇ ಹಾಸಿಗೆಯ ಬಳಿಯಲ್ಲಿಯೇ ಅಂಟಿಸತಕ್ಕದ್ದು. ರಕ್ತ ನೀಡುವ ಮುನ್ನ ಚೀಲದ ಗುಂಪು, ಸಂಖ್ಯೆ ಮತ್ತು ಅವಧಿಯನ್ನು ಇಬ್ಬರು ಸೇರಿ ಪರಿಶೀಲಿಸಬೇಕು.

ಉಷ್ಣತೆ ಮತ್ತು ಕಾಲ

ಕೆಂಪು ಕಣಗಳನ್ನು 2ರಿಂದ 6 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ರಕ್ಷಿಸಲಾಗುತ್ತದೆ. ಚೀಲವನ್ನು ವಾರ್ಡಿನ ಸಾಮಾನ್ಯ ಫ್ರಿಜ್ಜಿನಲ್ಲಿ ಇಡಬಾರದು, ಬಿಸಿನೀರಿನಲ್ಲಿಯೂ ಅದ್ದಬಾರದು. ಶೀತಕದಿಂದ ಹೊರತೆಗೆದ 30 ನಿಮಿಷಗಳೊಳಗೆ ಆರಂಭಿಸಿ, 4 ಗಂಟೆಗಳೊಳಗೆ ಮುಗಿಸಬೇಕು. ತಡವಾದಷ್ಟೂ ರೋಗಾಣುಗಳು ಬೆಳೆಯುವ ಸಂಭವವುಂಟು. ಶೋಧಕವಿರುವ ರಕ್ತಪೂರಣದ ಸೆಟ್ಟನ್ನೇ ಬಳಸಬೇಕು. ಅದೇ ನಳಿಕೆಯಲ್ಲಿ ನಾರ್ಮಲ್ ಸಲೈನ್ ಹೊರತು ಬೇರೇನನ್ನೂ ಕೊಡಬಾರದು. ಗ್ಲೂಕೋಸ್ ದ್ರಾವಣದಿಂದ ಕಣಗಳು ಒಡೆಯುತ್ತವೆ. ರಿಂಗರ್ ಲ್ಯಾಕ್ಟೇಟಿನಲ್ಲಿರುವ ಕ್ಯಾಲ್ಸಿಯಮ್ ರಕ್ತವನ್ನು ಹೆಪ್ಪುಗಟ್ಟಿಸಬಲ್ಲದು.

ಮೊದಲ 15 ನಿಮಿಷಗಳು

ಆರಂಭಕ್ಕೆ ಮುನ್ನ ನಾಡಿ, ಉಷ್ಣತೆ, ಉಸಿರಾಟ, ರಕ್ತದೊತ್ತಡಗಳನ್ನು ಬರೆದಿಡಬೇಕು. ಮೊದಲ 15 ನಿಮಿಷಗಳ ಕಾಲ ರಕ್ತವನ್ನು ನಿಧಾನವಾಗಿ ಹರಿಯಿಸಿ ರೋಗಿಯ ಬಳಿಯೇ ಇದ್ದು, ಅವನ್ನು ಪುನಃ ನೋಡಬೇಕು. ಚಳಿ, ನಡುಕ, ಜ್ವರ, ಸೊಂಟನೋವು, ಎದೆಬಿಗಿತ, ಉಸಿರುಗಟ್ಟುವಿಕೆ, ದದ್ದು, ಕೆಂಪು ಮೂತ್ರ ಇವು ಅಪಾಯದ ಸೂಚನೆಗಳು. "ಯಾಕೋ ಒಂಥರಾ ಆಗ್ತಿದೆ" ಎಂಬ ರೋಗಿಯ ಮಾತನ್ನೂ ಅಲಕ್ಷಿಸಬಾರದು. ಶಸ್ತ್ರಚಿಕಿತ್ಸೆಗಾಗಿ ಪ್ರಜ್ಞೆ ತಪ್ಪಿಸಿದವರು ಏನನ್ನೂ ಹೇಳಲಾರರು. ಅವರಲ್ಲಿ ರಕ್ತದೊತ್ತಡದ ಕುಸಿತ ಮತ್ತು ಮೂತ್ರದ ಬಣ್ಣವೇ ಸುಳಿವು.

ಇಂತಹ ಸೂಚನೆ ಕಂಡೊಡನೆ ರಕ್ತವನ್ನು ನಿಲ್ಲಿಸಬೇಕು. ಸೂಜಿಯನ್ನು ತೆಗೆಯದೆ ಹೊಸ ಸೆಟ್ಟಿನಿಂದ ಸಲೈನ್ ಹರಿಯಿಸಿ ವೈದ್ಯರನ್ನು ಕರೆಯಬೇಕು. ಚೀಲವನ್ನೂ ಸೆಟ್ಟನ್ನೂ ಎಸೆಯದೆ, ರೋಗಿಯ ಹೊಸ ರಕ್ತದ ಮಾದರಿಯೊಡನೆ ರಕ್ತನಿಧಿಗೆ ಕಳುಹಿಸಬೇಕು.

ಕುಟುಂಬದವರಲ್ಲಿ ವಿನಂತಿ

ಹಣ ಪಡೆದು ರಕ್ತ ಕೊಡುವ ಪದ್ಧತಿಯು ಭಾರತದಲ್ಲಿ 1998ರ ಜನವರಿ 1ರಿಂದ ನಿಷಿದ್ಧವಾಗಿದೆ. ಸ್ವಯಂಪ್ರೇರಿತ ದಾನಿಗಳ ರಕ್ತವೇ ಹೆಚ್ಚು ಸುರಕ್ಷಿತ. ಗರ್ಭಿಣಿಯರು ಕಬ್ಬಿಣಾಂಶದ ಮಾತ್ರೆಗಳನ್ನು ತಪ್ಪದೆ ಸೇವಿಸಿದಲ್ಲಿ ಹಲವರಿಗೆ ರಕ್ತಪೂರಣದ ಅಗತ್ಯವೇ ಬಾರದು. ದಾದಿಯು ಮತ್ತೆ ಮತ್ತೆ ಹೆಸರು ಕೇಳಿದರೆ ಬೇಸರಿಸದಿರಿ. ಆಕೆ ಕಾಯುತ್ತಿರುವುದು ನಿಮ್ಮವರ ಪ್ರಾಣವನ್ನೇ.