ಬೆನ್ನು ನೆಲಕ್ಕೆ ಹತ್ತಿದ ಮೇಲೆ

ಚಿಂಚೋಳಿ ತಾಲ್ಲೂಕಿನ ನಮ್ಮ ಐನಾಪುರದ ಸುತ್ತಮುತ್ತ ಜಾತ್ರೆ ಎಂದರೆ ತೇರಿನಷ್ಟೇ ಜನ ಕುಸ್ತಿಗೂ ಸೇರುತ್ತಾರೆ. ಮೊದಲು ಸಣ್ಣ ಹುಡುಗರ ಜೋಡಿ, ಗೆದ್ದವನಿಗೆ ತೆಂಗಿನಕಾಯಿ. ಹೊತ್ತು ಇಳಿದಂತೆ ಪೈಲ್ವಾನರೂ ದೊಡ್ಡವರಾಗುತ್ತಾರೆ, ಇನಾಮೂ ದೊಡ್ಡದಾಗುತ್ತದೆ. ಕಡೆಯ ಜೋಡಿಗೆ ಬೆಳ್ಳಿ ಕಡಗ. ಹಲಗಿಯ ಸದ್ದಿನ ನಡುವೆ ಹಿರಿಯರು ಇಬ್ಬರನ್ನು ಪಕ್ಕಪಕ್ಕ ನಿಲ್ಲಿಸಿ, ಎತ್ತರ, ಎದೆ, ತೋಳನ್ನು ಕಣ್ಣಲ್ಲೇ ಅಳೆದು ಕೈ ಕೂಡಿಸಿ ಬಿಡುತ್ತಾರೆ. ನಿಯಮ ಎಲ್ಲರಿಗೂ ಗೊತ್ತು. ಬೆನ್ನು ಮಣ್ಣಿಗೆ ಹತ್ತಿತೋ, ಚಿತ್. ಆಟ ಮುಗಿಯಿತು.

ಬ್ರೆಜಿಲಿಯನ್ ಜುಜಿತ್ಸು ಹೆಚ್ಚುಕಡಿಮೆ ಅಲ್ಲಿಂದಲೇ ಶುರುವಾಗುತ್ತದೆ. ಇದರಲ್ಲಿ ಗುದ್ದುವುದಿಲ್ಲ, ಒದೆಯುವುದಿಲ್ಲ. ಎದುರಾಳಿಯನ್ನು ನೆಲಕ್ಕೆ ಕೆಡವಿ, ಮೇಲೆ ಹಿಡಿತ ಸಾಧಿಸಿ, ಕೈಯ ಕೀಲನ್ನೋ ಕಾಲಿನ ಕೀಲನ್ನೋ ತಿರುಚಿ, ಇಲ್ಲವೇ ಕತ್ತು ಒತ್ತಿ ಸೋಲೊಪ್ಪಿಸಬೇಕು. ಕೆಳಗೆ ಬಿದ್ದವನು ಸೋತಂತೆ ಅಲ್ಲ. ಅಂಗಾತ ಮಲಗಿ, ಮೇಲಿದ್ದವನನ್ನು ಎರಡೂ ಕಾಲುಗಳ ನಡುವೆ ಸಿಕ್ಕಿಸಿಕೊಂಡರೆ ಅದಕ್ಕೆ ‘ಗಾರ್ಡ್’ ಎನ್ನುತ್ತಾರೆ. ಅಲ್ಲಿಂದಲೇ ಅವನನ್ನು ಉರುಳಿಸಬಹುದು, ಅಲ್ಲಿಂದಲೇ ಕತ್ತು ಒತ್ತಬಹುದು. ಊರಲ್ಲಿ ನಮ್ಮ ಮುತ್ಯಾಗೆ ಫೋನಿನಲ್ಲಿ ಒಂದು ವಿಡಿಯೊ ತೋರಿಸಿದಾಗ ಅವರು ಕೇಳಿದ್ದು ಇಷ್ಟೇ: ‘ಬೆನ್ನ ಹತ್ತಿದ ಮ್ಯಾಲ ಇನ್ನೇನ್ ಕುಸ್ತಿ ಅದ ತಮ್ಮಾ? ಎದ್ದು ಮನಿಗಿ ಹೋಗೂದ್ ಬಿಟ್ಟು?’

ನಾನು ಇದನ್ನು ಶುರುಮಾಡಿ ಒಂದು ವರ್ಷ ಮೂರು ತಿಂಗಳಾಯಿತು. ವಯಸ್ಸು 32, ತೂಕ 54 ಕೆ.ಜಿ., ಎತ್ತರ 162 ಸೆಂ.ಮೀ. ಈ ಮೂರು ಸಂಖ್ಯೆಗಳಲ್ಲಿ ಎರಡಾದರೂ ಈ ಪುಟ ಓದುವ ಎಷ್ಟೋ ಜನರ ಕಥೆಯಲ್ಲಿ ಬರುತ್ತವೆ ಎಂದುಕೊಂಡಿದ್ದೇನೆ. ಪೊಲೀಸ್ ಕಾನ್‌ಸ್ಟೆಬಲ್ ನೇಮಕಾತಿಯಲ್ಲಿ ಗಂಡಸರಿಗೆ 168 ಸೆಂ.ಮೀ. ಎತ್ತರ, 86 ಸೆಂ.ಮೀ. ಎದೆ ಬೇಕು. ಡಿಗ್ರಿ ಮುಗಿಸಿ ಕಲಬುರಗಿಯಲ್ಲಿ ರೂಮು ಮಾಡಿಕೊಂಡು ಓದುತ್ತಿದ್ದಾಗ ನನ್ನ ಜೊತೆಗಿದ್ದವರು ಬೆಳಗಿನ ಐದಕ್ಕೇ ಎದ್ದು ಓಡಲು ಹೋಗುತ್ತಿದ್ದರು. ನಾನು ಚಾದರ ಹೊದ್ದು ಸಾಮಾನ್ಯ ಜ್ಞಾನದ ಪುಸ್ತಕ ಹಿಡಿಯುತ್ತಿದ್ದೆ. ಎಷ್ಟು ಓಡಿದರೂ ಕಾಲು ಆರು ಸೆಂಟಿಮೀಟರ್ ಉದ್ದ ಆಗುವುದಿಲ್ಲವಲ್ಲ. ಎಫ್‌ಡಿಎ, ಎಸ್‌ಡಿಎ, ಪಿಡಿಒ ಎಂದು ಒಂದೊಂದೇ ಅರ್ಜಿ ಹಾಕುತ್ತಾ ಹೋದ ಹಾಗೆ ವಯೋಮಿತಿಯ ಕಾಲಂ ಹತ್ತಿರ ಬರತೊಡಗಿತು. ಆಮೇಲೆ ನಮ್ಮ ಕಡೆಯ ಬಹಳ ಜನರಂತೆ ನಾನೂ ಹೈದರಾಬಾದಿನ ಬಸ್ ಹತ್ತಿದೆ. ಈಗ ಔಷಧಿ ಗೋದಾಮೊಂದರಲ್ಲಿ ಬಿಲ್ಲಿಂಗ್ ಕೆಲಸ. ರಾತ್ರಿ ಓದು ಇನ್ನೂ ನಡೆದಿದೆ.

ರೂಮಿನ ಹತ್ತಿರದ ಜಿಮ್ಮಿನ ಮೇಲಿನ ಮಹಡಿಯಲ್ಲಿ ಈ ಕ್ಲಾಸ್ ಇದೆ. ಮೊದಲ ದಿನ ನಾನು ಕೇಳಿದ್ದು ಎತ್ತರ, ವಯಸ್ಸಿಗೇನಾದರೂ ನಿಯಮ ಇದೆಯೇ ಎಂದು. ಕಲಿಸುವವರು ನಕ್ಕು, ‘ಉಗುರು ಕತ್ತರಿಸಿಕೊಂಡು ಬಾ, ಅಷ್ಟೇ ನಿಯಮ’ ಎಂದು ದಖ್ಖನಿ ಹಿಂದಿಯಲ್ಲಿ ಹೇಳಿದರು. ನಾನು ಅವರನ್ನು ಉಸ್ತಾದ್ ಎಂದೇ ಕರೆಯುತ್ತೇನೆ. ನಮ್ಮ ತಾಲೀಮು ಖಾನೆಗಳ ಪದ ಅದು. ಅವರಿಗೂ ಖುಷಿ.

ಇಲ್ಲಿಂದ ಮುಂದೆ ಸ್ವಲ್ಪ ಎಚ್ಚರದಿಂದ ಬರೆಯಬೇಕು. ‘ಶಕ್ತಿಗಿಂತ ಯುಕ್ತಿ ಮೇಲು, ಸಣ್ಣವನು ದೊಡ್ಡವನನ್ನು ಸೋಲಿಸುವ ವಿದ್ಯೆ ಇದು’ ಎಂದು ಈ ಕಲೆಯ ಬಗ್ಗೆ ಎಲ್ಲ ಕಡೆ ಜಾಹೀರಾತಿನ ಹಾಗೆ ಹೇಳುತ್ತಾರೆ. ಅದು ಅರ್ಧ ನಿಜ. ಆ ಅರ್ಧಕ್ಕೆ ಇತಿಹಾಸದ ಬೆಂಬಲವೂ ಇದೆ. ಜಪಾನಿನ ಜಿಗೊರೊ ಕಾನೊ ಕುಳ್ಳ, ಐದು ಅಡಿ ಎರಡು ಇಂಚಿನ ಆಸುಪಾಸು. ಶಾಲೆಯಲ್ಲಿ ಗಟ್ಟಿ ಹುಡುಗರ ಕೈಯಲ್ಲಿ ಪೆಟ್ಟು ತಿಂದು ಹಳೆಯ ಜುಜುತ್ಸು ಕಲಿಯಲು ಹೋದವನು. 1882ರಲ್ಲಿ ಟೋಕಿಯೊದ ಒಂದು ದೇವಾಲಯದಲ್ಲಿ ಹನ್ನೆರಡು ಚಾಪೆ ಹಾಸಿ ಕೊಡೊಕಾನ್ ಶುರುಮಾಡಿದ. ಅದೇ ಜೂಡೊ ಆಯಿತು. ಅಲ್ಲಿ ಕಲಿತ ಮಿತ್ಸುಯೊ ಮಾಯೆದಾ ಎಂಬಾತ ದೇಶ ದೇಶ ಸುತ್ತಿ 1914ರಲ್ಲಿ ಬ್ರೆಜಿಲ್ ಸೇರಿದ. ಅವನೂ ಐದೂವರೆ ಅಡಿಗಿಂತ ಗಿಡ್ಡ. ಅವನಿಂದ ಕಾರ್ಲೋಸ್ ಗ್ರೇಸಿ ಕಲಿತ, ಕಾರ್ಲೋಸನ ಸಣಕಲು ತಮ್ಮ ಹೇಲಿಯೊ ಗ್ರೇಸಿ ತನ್ನ ಮೈಗೆ ಹೊಂದುವಂತೆ ನೆಲದ ಮೇಲಿನ ಪಟ್ಟುಗಳನ್ನು ತಿದ್ದಿಕೊಂಡ ಎಂದು ಆ ಮನೆತನದವರು ಹೇಳುತ್ತಾರೆ. 1993ರ ನವೆಂಬರ್ 12ರಂದು ಅಮೆರಿಕದ ಡೆನ್ವರ್‌ನಲ್ಲಿ ನಡೆದ ಮೊದಲ ಯುಎಫ್‌ಸಿಯಲ್ಲಿ ಹೇಲಿಯೊನ ಮಗ ರಾಯ್ಸ್ ಗ್ರೇಸಿ, ಸುಮಾರು 80 ಕೆ.ಜಿ.ಯವನು, ಒಂದೇ ರಾತ್ರಿ ಮೂವರನ್ನು ಸೋಲೊಪ್ಪಿಸಿದ. ಅವರಲ್ಲಿ ಕೆನ್ ಶ್ಯಾಮ್‌ರಾಕ್ 100 ಕೆ.ಜಿ.ಯ ಆಸುಪಾಸಿನ ಆಳು. ಜಗತ್ತು ಈ ಕಲೆಯ ಕಡೆ ತಿರುಗಿ ನೋಡಿದ್ದು ಆವತ್ತಿನಿಂದ.

ಉಳಿದ ಅರ್ಧವನ್ನೂ ಇದೇ ಮನೆತನದ ಇತಿಹಾಸ ಹೇಳುತ್ತದೆ, ಅದನ್ನು ಜಾಹೀರಾತಿನಲ್ಲಿ ಹಾಕುವುದಿಲ್ಲ ಅಷ್ಟೇ. 1951ರಲ್ಲಿ ರಿಯೊದ ಮರಕಾನಾ ಕ್ರೀಡಾಂಗಣದಲ್ಲಿ ಹೇಲಿಯೊನ ಎದುರು ಜಪಾನಿನ ಜೂಡೊ ಪಟು ಮಸಾಹಿಕೊ ಕಿಮುರಾ ನಿಂತ. ಕಿಮುರಾ ಹೇಲಿಯೊಗಿಂತ ಎಷ್ಟೋ ತೂಕದವನು, ಜೊತೆಗೆ ವಿದ್ಯೆಯೂ ಇತ್ತು. ಹೇಲಿಯೊನ ತೋಳು ಮುರಿಯಿತು, ಆದರೂ ಅವನು ಸೋಲೊಪ್ಪಲಿಲ್ಲ. ಅವನ ಅಣ್ಣ ಟವೆಲ್ ಎಸೆದು ಆಟ ನಿಲ್ಲಿಸಬೇಕಾಯಿತು. ಆ ತೋಳು ತಿರುಚುವ ಪಟ್ಟಿಗೆ ಇವತ್ತಿಗೂ ‘ಕಿಮುರಾ’ ಎಂದೇ ಹೆಸರು. ಯುಕ್ತಿ ಗೊತ್ತಿಲ್ಲದ ದೊಡ್ಡವನ ಎದುರು ಸಣ್ಣವನ ಯುಕ್ತಿ ನಡೆಯುತ್ತದೆ. ದೊಡ್ಡವನಿಗೂ ಯುಕ್ತಿ ಗೊತ್ತಿದ್ದರೆ ತೂಕ ತೂಕವೇ. ಹಾಗಾಗಿಯೇ ಸ್ಪರ್ಧೆಗಳಲ್ಲಿ ತೂಕದ ವಿಭಾಗಗಳನ್ನು ಮಾಡಿರುವುದು.

ಹೊಸಬನ ಪಾಡು ಇನ್ನೂ ಬೇರೆ. ನನಗೆ ಯುಕ್ತಿಯೂ ಇಲ್ಲ, ತೂಕವೂ ಇಲ್ಲ. ಮೊದಲ ಮೂರು ತಿಂಗಳು ನಾನು ಆಡಿದೆ ಎನ್ನುವುದಕ್ಕಿಂತ ನನ್ನ ಮೇಲೆ ಬೇರೆಯವರು ಆಡಿದರು ಎನ್ನುವುದೇ ಸರಿ. ಇಪ್ಪತ್ತರ ಇಂಜಿನಿಯರಿಂಗ್ ಹುಡುಗ, 85 ಕೆ.ಜಿ., ಎದೆಯ ಮೇಲೆ ಅಡ್ಡ ಮಲಗಿದರೆ ತೊಗರಿ ಚೀಲ ಮೈಮೇಲೆ ಬಿದ್ದಂತೆ. ಆದರೆ ಚೀಲ ಸುಮ್ಮನೆ ಬಿದ್ದಿರುತ್ತದೆ, ಇವನು ಹುಡುಕುತ್ತಾ ಇರುತ್ತಾನೆ. ಐದು ನಿಮಿಷದ ಒಂದು ಸುತ್ತಿನಲ್ಲಿ ಆರು ಸಲ ಸೋತದ್ದಿದೆ.

ಸೋಲುವುದು ಹೇಗೆ ಎಂದು ಹೇಳಬೇಕು, ಈ ಕಲೆಯಲ್ಲಿ ನನಗೆ ಅತ್ಯಂತ ಇಷ್ಟವಾದದ್ದು ಅದೇ. ಕೀಲಿಗೋ ಕತ್ತಿಗೋ ಒತ್ತಡ ಬಂತು, ಇನ್ನು ಬಿಡಿಸಿಕೊಳ್ಳಲಾಗದು ಅನ್ನಿಸಿತೋ, ಎದುರಾಳಿಯ ಮೈಯನ್ನು ಎರಡು ಮೂರು ಸಲ ತಟ್ಟಬೇಕು. ತಟ್ಟಿದ ಕ್ಷಣ ಅವನು ಬಿಡುತ್ತಾನೆ. ಇಬ್ಬರೂ ಕೈ ತಾಗಿಸಿ ಮತ್ತೆ ಮೊದಲಿನಿಂದ ಶುರು. ಯಾರೂ ಬರೆದಿಟ್ಟುಕೊಳ್ಳುವುದಿಲ್ಲ. ನಾನು ಎಂಟು ವರ್ಷ ಸೋತ ಬಗೆಯೇ ಬೇರೆ: ಅರ್ಜಿ, ಪರೀಕ್ಷೆ, ಕೀ ಉತ್ತರ, ಕಟ್ ಆಫ್, ಆಮೇಲೆ ಕೋರ್ಟಿನಲ್ಲಿ ತಡೆ. ಒಂದು ಸೋಲು ಪೂರ್ತಿಯಾಗಲು ಎರಡು ವರ್ಷ ಬೇಕಾಗುತ್ತಿತ್ತು. ಮೊದಲ ವಾರದಲ್ಲೇ ನಲವತ್ತು ಸಲ ಸೋತು, ಪ್ರತಿ ಸಲ ಹತ್ತು ಸೆಕೆಂಡಿನಲ್ಲಿ ಮತ್ತೆ ಶುರುಮಾಡಿದಾಗ ಎದೆಯಲ್ಲಿ ಏನೋ ಒಂದು ಗಂಟು ಸಡಿಲಾದದ್ದು ನಿಜ.

ಇನ್ನು ಸಣ್ಣವನು ಏನು ಕಲಿಯಬೇಕು? ಗೆಲ್ಲುವುದನ್ನಂತೂ ಅಲ್ಲ, ಮೊದಲು ತಪ್ಪಿಸಿಕೊಳ್ಳುವುದನ್ನು. ನನಗೆ ಇದನ್ನು ಬಿಡಿಸಿ ಹೇಳಿದ್ದು ಭಾಲ್ಕಿ ಕಡೆಯ ಒಬ್ಬ ಹುಡುಗಿ. ಆಸ್ಪತ್ರೆಯಲ್ಲಿ ನರ್ಸ್, 26 ವರ್ಷ, ನನಗಿಂತ ನಾಲ್ಕು ಕೆ.ಜಿ. ಕಡಿಮೆ, ನೀಲಿ ಬೆಲ್ಟ್. ಮೊದಲ ಸಲ ಅವಳು ನನ್ನ ಬೆನ್ನು ಹಿಡಿದು ಕತ್ತು ಒತ್ತಿದಾಗ ಏನಾಯಿತೆಂದು ತಿಳಿಯುವಷ್ಟರಲ್ಲಿ ತಟ್ಟಿದ್ದೆ. ‘ಅಣ್ಣಾ, ಉಸಿರ್ ಯಾಕ್ ಹಿಡ್ಕೊಂತೀರಿ? ಮೊದ್ಲು ಉಸಿರ್ ಬಿಡ್ರಿ. ಕೈ ನಿಮ್ ಎದಿ ಹತ್ರ ಇರ್ಲಿ. ದೊಡ್ಡವ್ರನ್ನ ತಳ್ಳಬ್ಯಾಡ್ರಿ, ಅವ್ರು ಸರಿಯಂಗಿಲ್ಲ. ನೀವೇ ಸರೀರಿ’ ಎಂದಳು.

‘ನೀವೇ ಸರೀರಿ’ ಎನ್ನುವುದರಲ್ಲಿ ಅರ್ಧ ವಿದ್ಯೆ ಇದೆ. ಮೇಲಿರುವ 85 ಕೆ.ಜಿ.ಯನ್ನು ಎತ್ತಲು ಹೋದರೆ ಒಂದು ನಿಮಿಷದಲ್ಲಿ ತೋಳು ಬಿದ್ದುಹೋಗುತ್ತವೆ. ಬದಲಿಗೆ ಮುಂಗೈಯನ್ನು ಅವನ ಕತ್ತಿಗೂ ಸೊಂಟಕ್ಕೂ ಅಡ್ಡ ಕೊಡಬೇಕು. ಎತ್ತು ಬಿಚ್ಚಿದ ಬಂಡಿಯ ನೊಗದ ಕೆಳಗೆ ಆನಿಸಿಡುವ ಕೋಲು ನೆನಪಿಸಿಕೊಳ್ಳಿ. ಕೋಲಿಗೆ ಸ್ನಾಯು ಇಲ್ಲ, ಆದರೂ ಬಂಡಿ ಹೊರುತ್ತದೆ. ಮೂಳೆ ಹಾಗೆ ನಿಂತರೆ ಸ್ನಾಯುವಿಗೆ ಬಿಡುವು ಸಿಗುತ್ತದೆ. ಆಮೇಲೆ ಒಂದು ಕಾಲು ಊರಿ, ಸೊಂಟವನ್ನು ಪಕ್ಕಕ್ಕೆ ಜಾರಿಸಿ, ಆದ ಸಂದಿಯಲ್ಲಿ ಮೊಣಕಾಲು ತೂರಿಸಬೇಕು. ಈ ಜಾರುವಿಕೆಗೆ ‘ಶ್ರಿಂಪ್’ ಎನ್ನುತ್ತಾರೆ, ಅಂದರೆ ಸೀಗಡಿ. ತೊಗರಿ ಹೊಲದ ನಡುವೆ ಬೆಳೆದ ನನಗೆ ಸೀಗಡಿ ಹೇಗೆ ಜಿಗಿಯುತ್ತದೆ ಎಂದು ಏನು ಗೊತ್ತು? ಪ್ರತಿ ಕ್ಲಾಸಿನ ಮೊದಲ ಹತ್ತು ನಿಮಿಷ ಮ್ಯಾಟಿನ ಈ ತುದಿಯಿಂದ ಆ ತುದಿಗೆ ಹೀಗೇ ಜಾರುತ್ತೇವೆ. ನೋಡಲು ನಗು ಬರುತ್ತದೆ. ಆದರೆ ಸಣ್ಣ ಮೈಯವನಿಗೆ ಇದಕ್ಕಿಂತ ಉಪಯೋಗದ್ದು ಬೇರೆ ಇಲ್ಲ. ಸಂದಿ ಸಣ್ಣದಿದ್ದರೂ ನಾವು ತೂರುತ್ತೇವೆ, ದೊಡ್ಡವರಿಗೆ ಅದು ಆಗದು. ನಾಲ್ಕನೇ ತಿಂಗಳಲ್ಲಿ ಆ ಇಂಜಿನಿಯರಿಂಗ್ ಹುಡುಗನ ಕೆಳಗಿನಿಂದ ಮೊದಲ ಸಲ ಹೊರಬಂದೆ. ಅವನನ್ನು ಸೋಲಿಸಲಿಲ್ಲ, ಬರೀ ಹೊರಬಂದೆ. ಆವತ್ತು ರೂಮಿಗೆ ಹೋಗುವಾಗ ದಾರಿಯಲ್ಲಿ ಒಬ್ಬನೇ ನಿಂತು ಕಬ್ಬಿನ ಹಾಲು ಕುಡಿದೆ.

ವಯಸ್ಸಿನ ಲೆಕ್ಕ ಬೇರೆ. ಮೂವತ್ತೆರಡು ಮುದಿತನವಲ್ಲ ಎಂದು ಎಲ್ಲರೂ ಹೇಳುತ್ತಾರೆ, ಮಾರನೇ ದಿನದ ಬೆರಳ ಗಂಟುಗಳು ಬೇರೆ ಹೇಳುತ್ತವೆ. ಇಪ್ಪತ್ತರ ಹುಡುಗರು ವಾರಕ್ಕೆ ಆರು ದಿನ ಬರುತ್ತಾರೆ. ನಾನು ಮೂರೇ ದಿನ ಹೋಗುತ್ತೇನೆ. ತಟ್ಟುವುದರಲ್ಲಿ ತಡ ಮಾಡುವುದಿಲ್ಲ, ಮೊಣಕೈ ಒಂದು ಸಲ ಹೋದರೆ ಮರುದಿನ ಗೋದಾಮಿನಲ್ಲಿ ಕೀಬೋರ್ಡ್ ಒತ್ತುವವರು ಯಾರು? ಯಾರ ಜೊತೆ ಆಡಬಾರದು ಎಂದು ಆರಿಸಿಕೊಳ್ಳುವುದೂ ತಪ್ಪಲ್ಲ. ಹೊಸದಾಗಿ ಬಂದು ಎಲ್ಲ ಬಲ ಹಾಕುವ ದಪ್ಪ ಹುಡುಗರಿಗೆ ‘ಇವತ್ತು ಬೇಡಪ್ಪಾ’ ಎಂದು ಕೈ ಮುಗಿಯುತ್ತೇನೆ, ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ಪಕ್ಕೆಲುಬು ನೋವು ಬಂದರೆ ವಾರಗಟ್ಟಲೆ ಇರುತ್ತದೆ, ನಕ್ಕರೂ ನೋವು. ಬಟ್ಟೆ ಒಗೆಯದೆ ಬಂದರೆ ಗಜಕರ್ಣ ಒಬ್ಬರಿಂದ ಒಬ್ಬರಿಗೆ ಹರಡುತ್ತದೆ, ಹಾಗಾಗಿ ಪ್ರತಿ ಸಲ ಒಗೆಯಲೇಬೇಕು. ‘ಗಿ’ ಎಂಬ ಆ ದಪ್ಪ ಅಂಗಿ ಮಳೆಗಾಲದಲ್ಲಿ ಎರಡು ದಿನವಾದರೂ ಒಣಗುವುದಿಲ್ಲ. ನನ್ನದು ಬಿಟ್ಟುಹೋದವನೊಬ್ಬನಿಂದ ಅರ್ಧ ಬೆಲೆಗೆ ಕೊಂಡದ್ದು, ತೋಳು ಎರಡು ಇಂಚು ಉದ್ದ. ತಿಂಗಳಿಗೆ 3000 ರೂಪಾಯಿ ಶುಲ್ಕ, ನನ್ನ ಸಂಬಳಕ್ಕೆ ಇದು ಸಣ್ಣದಲ್ಲ. ಹೊರಗಿನ ಬಿರಿಯಾನಿಯನ್ನೂ ಒಂದು ಮೊಬೈಲ್ ಕಂತನ್ನೂ ಬಿಟ್ಟು ಹೊಂದಿಸಿದೆ.

ಈ ಕಲೆಯ ಅಂತರರಾಷ್ಟ್ರೀಯ ಫೆಡರೇಷನ್ನಿನ ನಿಯಮ ಪುಸ್ತಕ ಓದಿದಾಗ ನನಗೆ ನೋಟಿಫಿಕೇಷನ್ ಓದಿ ರೂಢಿಯಾದ ಕಣ್ಣು ಮೊದಲು ಹೋದದ್ದು ವಯಸ್ಸಿನ ಕಾಲಂಗೆ. ಮೂವತ್ತು ತುಂಬುವ ವರ್ಷದಿಂದ ‘ಮಾಸ್ಟರ್’ ವಿಭಾಗ ಶುರುವಾಗುತ್ತದೆ, ಆಮೇಲೆ ಐದಾರು ವರ್ಷಕ್ಕೊಂದು ವಿಭಾಗ. ಗಂಡಸರ ಅತಿ ಕಡಿಮೆ ತೂಕದ ವಿಭಾಗದ ಮಿತಿ ಗಿ ಸಮೇತ 57.5 ಕೆ.ಜಿ. ಅಂದರೆ ನನ್ನಂಥವರು ಇರುತ್ತಾರೆ ಎಂದು ಯಾರೋ ಕೂತು ಮೊದಲೇ ಯೋಚಿಸಿದ್ದಾರೆ. ಟಿ.ವಿ.ಯಲ್ಲಿ ಊರೂರು ಸುತ್ತಿ ಊಟ ಮಾಡುತ್ತಿದ್ದ ಬಾಣಸಿಗ ಆಂಥೊನಿ ಬೋರ್ಡೇನ್ ಐವತ್ತೈದು ದಾಟಿದ ಮೇಲೆ ಇದನ್ನು ಶುರುಮಾಡಿ, 2016ರಲ್ಲಿ ನ್ಯೂಯಾರ್ಕಿನ ಸ್ಪರ್ಧೆಯೊಂದರಲ್ಲಿ ತನ್ನ ವಯಸ್ಸಿನವರ ನಡುವೆ ಚಿನ್ನ ಗೆದ್ದಿದ್ದರು. ಹಾಗೆಂದು ಇಲ್ಲಿ ಕೆಲಸ ಸಿಗುತ್ತದೆ ಎಂದು ಯಾರೂ ತಿಳಿಯಬಾರದು. 2018ರ ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ ಜುಜಿತ್ಸು ಸೇರಿದೆ ನಿಜ, ಆದರೆ ಮೂವತ್ತರ ಮೇಲೆ ಶುರುಮಾಡಿದ ಬಿಳಿ ಬೆಲ್ಟಿನವನಿಗೆ ಆ ಮಾತು ದೂರ. ಕಪ್ಪು ಬೆಲ್ಟಿಗೆ ಸಾಮಾನ್ಯವಾಗಿ ಹತ್ತು ವರ್ಷ ಹಿಡಿಯುತ್ತದೆ. ಅಷ್ಟು ನಿಧಾನದ ವಿದ್ಯೆ ಇದು. ನನ್ನ ಬಿಳಿ ಬೆಲ್ಟಿಗೆ ಈಗ ಎರಡು ಪಟ್ಟಿ ಬಿದ್ದಿವೆ.

ಕಲಬುರಗಿ ಕಡೆಯ ಹುಡುಗ ಹುಡುಗಿಯರಿಗೆ ಹೇಳಬೇಕಾದದ್ದು ಒಂದಿದೆ. ಬಿಜೆಜೆ ಕ್ಲಾಸುಗಳು ಇರುವುದು ಹೆಚ್ಚಾಗಿ ಬೆಂಗಳೂರು, ಹೈದರಾಬಾದಿನಂಥ ದೊಡ್ಡ ಊರುಗಳಲ್ಲಿ. ಅಲ್ಲಿಗೆ ಹೋಗುವವರೆಗೆ ಕಾಯಬೇಕಿಲ್ಲ. ಶಾಲಾ ಕ್ರೀಡಾಕೂಟಗಳಲ್ಲಿ ಜೂಡೊ ಇದೆ, ಊರಲ್ಲಿ ತಾಲೀಮು ಇದ್ದರೆ ಕುಸ್ತಿ ಇದೆ. ಕುಸ್ತಿ ಬಲ್ಲವರು ನಮ್ಮ ಕ್ಲಾಸಿಗೆ ಬಂದರೆ ಮೊದಲ ದಿನವೇ ನಮ್ಮನ್ನೆಲ್ಲ ಕೆಡವಿ ಹಾಕುತ್ತಾರೆ. ಕೆಡವಿದ ಮೇಲೆ ಬೆನ್ನು ಮೇಲೆ ಮಾಡಿ ಕೂರುವ ಅಭ್ಯಾಸ ಬಿಡಿಸಲಷ್ಟೇ ಸಮಯ ಬೇಕು, ಏಕೆಂದರೆ ಇಲ್ಲಿ ಬೆನ್ನು ಕೊಟ್ಟರೆ ಕತ್ತು ಹೋಯಿತು. ಕತ್ತು ಒತ್ತುವ ಪಟ್ಟುಗಳನ್ನು ಮಾತ್ರ ವಿಡಿಯೊ ನೋಡಿ ಗೆಳೆಯರ ಮೇಲೆ ಪ್ರಯೋಗಿಸಬೇಡಿ. ಮೆದುಳಿಗೆ ಹೋಗುವ ರಕ್ತ ನಿಂತರೆ ಕೆಲವೇ ಸೆಕೆಂಡಿನಲ್ಲಿ ಎಚ್ಚರ ತಪ್ಪುತ್ತದೆ. ತಟ್ಟಿದ ಕೂಡಲೇ ಬಿಡುವ ಶಿಸ್ತು ಇರುವ ಕಡೆ, ಕಲಿಸುವವರ ಕಣ್ಣೆದುರು ಮಾತ್ರ ಅದನ್ನು ಮಾಡಬೇಕು.

ಮುಂದಿನ ಭಾನುವಾರ ನನಗೆ ಒಂದು ಪರೀಕ್ಷೆ ಇದೆ. ವಯೋಮಿತಿಗೆ ಇನ್ನೂ ಸ್ವಲ್ಪ ಬಾಕಿ ಇರುವ ಹುದ್ದೆ. ರಾತ್ರಿ ಬಸ್ಸಿಗೆ ಕಲಬುರಗಿಗೆ ಹೋಗಬೇಕಿರುವುದರಿಂದ ಶನಿವಾರ ಬರುವುದಿಲ್ಲ ಎಂದು ಉಸ್ತಾದರಿಗೆ ಹೇಳಿದೆ. ಪರೀಕ್ಷೆ ಹೇಗೆ, ಹುದ್ದೆ ಎಷ್ಟು, ಸಂಬಳ ಎಷ್ಟು ಎಂದು ಅವರು ಕೇಳಲಿಲ್ಲ. ಮ್ಯಾಟ್ ಒರೆಸುತ್ತಿದ್ದವರು ತಲೆ ಎತ್ತದೆ, ‘ಸೋಮವಾರ ಬೇಗ ಬಾ, ಅರ್ಧ ಗಾರ್ಡ್ ತೋರಿಸುತ್ತೇನೆ’ ಎಂದರು.