ಚಪ್ಪಾಳೆ ಬಯಸದ ಮೇಷ್ಟ್ರು

1923ರ ಫೆಬ್ರವರಿ 7ರಂದು ಜೆರುಸಲೇಮಿನ ಸ್ಕೋಪಸ್ ಗುಡ್ಡದ ಮೇಲೆ ಒಂದು ಉಪನ್ಯಾಸ ನಡೆಯಿತು. ಉಪನ್ಯಾಸಕರು ಆಲ್ಬರ್ಟ್ ಐನ್‌ಸ್ಟೈನ್, ವಿಷಯ ಸಾಪೇಕ್ಷತಾ ಸಿದ್ಧಾಂತ. ಆರಂಭದ ಕೆಲವು ಮಾತುಗಳನ್ನು ಅವರು ಹೀಬ್ರೂ ಭಾಷೆಯಲ್ಲಿ ಆಡಿ, ಮುಂದಿನದನ್ನೆಲ್ಲ ಫ್ರೆಂಚ್ ಭಾಷೆಯಲ್ಲಿ ವಿವರಿಸಿದರು. ವಿಶೇಷವೆಂದರೆ, ಯಾವ ವಿಶ್ವವಿದ್ಯಾನಿಲಯದ ಪರವಾಗಿ ಈ ಭಾಷಣ ಏರ್ಪಾಡಾಗಿತ್ತೋ ಆ ವಿಶ್ವವಿದ್ಯಾನಿಲಯ ಆಗಿನ್ನೂ ಪ್ರಾರಂಭವೇ ಆಗಿರಲಿಲ್ಲ. 1918ರಲ್ಲಿ ಅಡಿಗಲ್ಲು ಇಟ್ಟದ್ದು ಬಿಟ್ಟರೆ, ಹೀಬ್ರೂ ವಿಶ್ವವಿದ್ಯಾನಿಲಯದ ವಿಧ್ಯುಕ್ತ ಉದ್ಘಾಟನೆಯಾದದ್ದು 1925ರ ಏಪ್ರಿಲ್ 1ರಂದು. ಶಾಲೆಯ ಬಾಗಿಲು ತೆರೆಯುವುದಕ್ಕೆ ಎರಡು ವರ್ಷ ಮೊದಲೇ ಪಾಠ ಶುರುವಾದ ಹಾಗೆ!

ಊರಿನವರನ್ನು ಕೂರಿಸಿಕೊಂಡು, ಪರೀಕ್ಷೆಯ ಹಂಗಿಲ್ಲದೆ, ತಿಳಿದವರು ತಿಳಿದದ್ದನ್ನು ಹೇಳುವ ಈ ಸಾರ್ವಜನಿಕ ಉಪನ್ಯಾಸದ ಪದ್ಧತಿ ಆ ನಾಡಿನಲ್ಲಿ ಬಲವಾಗಿ ಬೇರೂರಿತು. ಯೆಹೂದಿ ಚಿಂತನೆ ಎಂದರೇನು, ಇಸ್ರೇಲ್ ಎಂಬ ಹೊಸ ಸಮಾಜ ಯಾವ ದಾರಿಯಲ್ಲಿ ಸಾಗಬೇಕು ಎಂಬ ಪ್ರಶ್ನೆಗಳು ಪ್ರಾಧ್ಯಾಪಕರ ಕೊಠಡಿಯಲ್ಲೇ ಉಳಿಯದೆ ಸಭಾಂಗಣಕ್ಕೆ ಬಂದವು, ಅಲ್ಲಿಂದ ರೇಡಿಯೊಗೂ ಬಂದವು. ಅಂಥ ಉಪನ್ಯಾಸಗಳ ನಿಜವಾದ ಬೆಲೆ ಏನು? ಅದನ್ನು ತಿಳಿಯಲು ಒಬ್ಬ ರಸಾಯನ ವಿಜ್ಞಾನಿಯ ಕಥೆಯನ್ನು ನೋಡಬೇಕು.

ಭಾಷೆಯೇ ಮೊದಲ ಪಾಠ

ಅದಕ್ಕೂ ಮೊದಲು ಭಾಷೆಯ ಮಾತು. ಹೀಬ್ರೂ ಶತಮಾನಗಳ ಕಾಲ ಮುಖ್ಯವಾಗಿ ಪ್ರಾರ್ಥನೆಯ, ಗ್ರಂಥಗಳ ಭಾಷೆಯಾಗಿತ್ತು. ಅದರಲ್ಲಿ ಆಮ್ಲ, ಪ್ರತ್ಯಾಮ್ಲ, ಕಿಣ್ವಗಳ ಪಾಠ ಮಾಡಬಹುದೇ ಎಂಬುದು ಸಣ್ಣ ಪ್ರಶ್ನೆಯಾಗಿರಲಿಲ್ಲ. 1913ರಲ್ಲಿ ಹೈಫಾ ನಗರದ ತಾಂತ್ರಿಕ ವಿದ್ಯಾಲಯದಲ್ಲಿ ವಿಜ್ಞಾನವನ್ನು ಜರ್ಮನ್ ಭಾಷೆಯಲ್ಲಿ ಕಲಿಸಬೇಕೆಂಬ ತೀರ್ಮಾನವಾದಾಗ, ನಾಡಿನ ಶಿಕ್ಷಕರೂ ವಿದ್ಯಾರ್ಥಿಗಳೂ ಸಿಡಿದೆದ್ದರು. ಇತಿಹಾಸದಲ್ಲಿ ಅದಕ್ಕೆ ‘ಭಾಷೆಗಳ ಯುದ್ಧ’ ಎಂದೇ ಹೆಸರು. ಕೊನೆಗೆ ಗೆದ್ದದ್ದು ಹೀಬ್ರೂ.

ಹೀಗೆ ಗೆದ್ದ ಭಾಷೆಯಲ್ಲಿ ಹೊಸ ವಿಶ್ವವಿದ್ಯಾನಿಲಯ ದೊಡ್ಡ ದೊಡ್ಡ ಕೆಲಸಗಳಿಗೆ ಕೈ ಹಾಕಿತು. ಗೆರ್ಶೊಮ್ ಶೋಲೆಮ್ ಎಂಬ ವಿದ್ವಾಂಸರು, ಹಿಂದಿನ ಪಂಡಿತರಲ್ಲಿ ಅನೇಕರು ಮೂಢನಂಬಿಕೆ ಎಂದು ತಳ್ಳಿಹಾಕಿದ್ದ ‘ಕಬ್ಬಾಲಾ’ ಅನುಭಾವ ಪಂಥವನ್ನು ಶಾಸ್ತ್ರೀಯ ಅಧ್ಯಯನದ ವಿಷಯವನ್ನಾಗಿ ಮಾಡಿದರು. ಜರ್ಮನಿಯಿಂದ 1938ರಲ್ಲಿ ಬಂದ ಮಾರ್ಟಿನ್ ಬೂಬರ್ ಮನುಷ್ಯ ಮನುಷ್ಯರ ನಡುವಿನ ಸಂವಾದದ ತತ್ತ್ವವನ್ನು ಬೋಧಿಸಿದರು. ಇವರ ಸಾಲಿನಲ್ಲೇ, ಆದರೆ ಇವರಿಬ್ಬರಿಗಿಂತ ತೀರ ಭಿನ್ನವಾಗಿ, ನಿಲ್ಲುವವರು ಯೆಶಾಯಾಹು ಲೈಬೊವಿಟ್ಸ್.

ಪ್ರಯೋಗಶಾಲೆಯಿಂದ ವೇದಿಕೆಗೆ

ಲೈಬೊವಿಟ್ಸ್ ಹುಟ್ಟಿದ್ದು 1903ರಲ್ಲಿ, ಈಗಿನ ಲಾಟ್ವಿಯಾ ದೇಶದ ರೀಗಾ ನಗರದಲ್ಲಿ. ಬರ್ಲಿನ್ ವಿಶ್ವವಿದ್ಯಾನಿಲಯದಲ್ಲಿ ರಸಾಯನ ಶಾಸ್ತ್ರ ಮತ್ತು ತತ್ತ್ವಶಾಸ್ತ್ರ ಓದಿದರು. ಸಾಲದೆಂಬಂತೆ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ವೈದ್ಯ ಪದವಿಯನ್ನೂ ಪಡೆದರು. 1935ರಲ್ಲಿ ಜೆರುಸಲೇಮಿಗೆ ಬಂದು ಹೀಬ್ರೂ ವಿಶ್ವವಿದ್ಯಾನಿಲಯ ಸೇರಿದರು. ಜೀವರಸಾಯನ ಶಾಸ್ತ್ರ, ನರಶರೀರ ಶಾಸ್ತ್ರ, ವಿಜ್ಞಾನದ ಇತಿಹಾಸ ಮತ್ತು ತತ್ತ್ವ, ಇವಿಷ್ಟನ್ನೂ ಕಲಿಸಿದರು. ಇದರ ಜೊತೆಗೆ ಹೀಬ್ರೂ ವಿಶ್ವಕೋಶದ ಹಲವು ಸಂಪುಟಗಳಿಗೆ ಪ್ರಧಾನ ಸಂಪಾದಕರಾಗಿದ್ದರು.

ಇಷ್ಟೆಲ್ಲ ಓದಿದ ಮನುಷ್ಯ ಧರ್ಮದ ವಿಧಿಗಳನ್ನು ಚಾಚೂ ತಪ್ಪದೆ ಪಾಲಿಸುವ ಯೆಹೂದಿಯಾಗಿದ್ದರು ಎಂಬುದೇ ಹಲವರಿಗೆ ಬೆರಗು. ವಿಜ್ಞಾನಕ್ಕೂ ಧರ್ಮಕ್ಕೂ ತಾಳೆ ಹಾಕುವ ಚಪಲ ಅವರಿಗಿರಲಿಲ್ಲ. ಧರ್ಮಗ್ರಂಥದ ಶ್ಲೋಕದಲ್ಲಿ ಪರಮಾಣು ಹುಡುಕುವವರನ್ನು ಕಂಡರೆ ಅವರಿಗಾಗದು. ವಿಜ್ಞಾನ ‘ಇರುವುದನ್ನು’ ಹೇಳುತ್ತದೆ. ‘ಮಾಡಬೇಕಾದ್ದನ್ನು’ ಹೇಳುವುದು ಅದರ ಕೆಲಸವಲ್ಲ ಎಂಬುದು ಅವರ ವಾದ.

ನಮ್ಮ ಪ್ರೌಢಶಾಲೆಯ ಮಕ್ಕಳಿಗೆ ಹೇಳುವ ಹಾಗೆ ಹೇಳುವುದಾದರೆ: ಸಮುದ್ರ ಮಟ್ಟದಲ್ಲಿ ನೀರು 100 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಕುದಿಯುತ್ತದೆ. ಇದು ಯಾರು ಅಳೆದರೂ ಸರಿಯೆ, ಯಾರಿಗೆ ಹಿಡಿಸದಿದ್ದರೂ ಸರಿಯೆ. ಆದರೆ ಆ ಕುದಿಯುವ ನೀರಿನಲ್ಲಿ ಚಹಾ ಮಾಡಿ ಬಾಯಾರಿದವನಿಗೆ ಕೊಡಬೇಕೋ, ಶತ್ರುವಿನ ಮೇಲೆ ಎರಚಬೇಕೋ ಎಂಬುದನ್ನು ಉಷ್ಣತಾಮಾಪಕ ಹೇಳಲಾರದು. ಅದನ್ನು ನಿರ್ಧರಿಸಬೇಕಾದವನು ಮನುಷ್ಯ. ನಿರ್ಧರಿಸಿದ ಮೇಲೆ ಅದರ ಹೊಣೆಯೂ ಅವನದೇ. ಲೈಬೊವಿಟ್ಸ್ ಅವರ ಚಿಂತನೆಯ ಬುಡ ಇರುವುದು ಇಲ್ಲಿ.

ಧರ್ಮದ ವಿಷಯದಲ್ಲೂ ಅಷ್ಟೇ ಖಡಕ್ಕು. ದೇವರ ಸೇವೆ ಎಂದರೆ ಆಜ್ಞೆಗಳ ಪಾಲನೆ. ಅದರಿಂದ ಆರೋಗ್ಯ, ಐಶ್ವರ್ಯ, ಯುದ್ಧದಲ್ಲಿ ಜಯ ಸಿಗುತ್ತದೆಂದು ಲೆಕ್ಕ ಹಾಕುವವನು ಸೇವೆ ಮಾಡುತ್ತಿರುವುದು ತನ್ನನ್ನೇ ಹೊರತು ದೇವರನ್ನಲ್ಲ ಎನ್ನುತ್ತಿದ್ದರು. ಓದುಗರಿಗೆ ಗೀತೆಯ ನಿಷ್ಕಾಮ ಕರ್ಮ ನೆನಪಾದರೆ ಆಶ್ಚರ್ಯವಿಲ್ಲ. ಹಿನ್ನೆಲೆ ಮಾತ್ರ ಬೇರೆ. ಲೈಬೊವಿಟ್ಸ್ ಅವರಿಗೆ ಆಧಾರವಾಗಿದ್ದವನು 12ನೆಯ ಶತಮಾನದ ಮೈಮೊನಿಡೀಸ್.

ಮಂಗಳೂರಿಗೂ ಒಂದು ಎಳೆ

ಸ್ಪೇನಿನ ಕಾರ್ಡೋಬಾದಲ್ಲಿ ಹುಟ್ಟಿ, ಈಜಿಪ್ಟಿನಲ್ಲಿ ನೆಲೆಸಿ, 1204ರಲ್ಲಿ ತೀರಿಕೊಂಡ ಮೈಮೊನಿಡೀಸ್ ವೈದ್ಯ, ಧರ್ಮಶಾಸ್ತ್ರಜ್ಞ, ದಾರ್ಶನಿಕ. ಅವನ ತಮ್ಮ ಡೇವಿಡ್ ವ್ಯಾಪಾರಿ. ಭಾರತದ ಕಡೆಗೆ ಹೊರಟಿದ್ದ ಡೇವಿಡ್ ಹಿಂದೂ ಮಹಾಸಾಗರದಲ್ಲಿ ಮುಳುಗಿ ಸತ್ತ. ಆ ದುಃಖದಲ್ಲಿ ತಾನು ಸುಮಾರು ಒಂದು ವರ್ಷ ಹಾಸಿಗೆ ಹಿಡಿದೆನೆಂದು ಅಣ್ಣನೇ ಪತ್ರವೊಂದರಲ್ಲಿ ಬರೆದಿದ್ದಾನೆ.

ಆ ಕಾಲದಲ್ಲಿ ನಮ್ಮ ಕರಾವಳಿಗೆ ಯೆಹೂದಿ ವರ್ತಕರು ಬಂದು ಹೋಗುತ್ತಿದ್ದರು. ಅಬ್ರಹಾಂ ಬೆನ್ ಯಿಜು ಎಂಬಾತ 1132ರ ಹೊತ್ತಿಗೆ ಮಂಗಳೂರಿನಲ್ಲಿದ್ದ. ಕಂಚಿನ ಪಾತ್ರೆಗಳ ಕಾರ್ಖಾನೆ ನಡೆಸುತ್ತಿದ್ದ. ದೇವರ ಹೆಸರಿರುವ ಕಾಗದವನ್ನು ಎಸೆಯಬಾರದೆಂಬ ನಿಯಮದಿಂದಾಗಿ ಕೈರೋದ ಸಿನಗಾಗ್ ಒಂದರಲ್ಲಿ ಉಳಿದುಕೊಂಡ ಹಳೆಯ ಪತ್ರಗಳಿಂದ ಈ ಸಂಗತಿ ಹೊರಬಂತು. ಅವುಗಳನ್ನು ದಶಕಗಳ ಕಾಲ ಓದಿ ಅರ್ಥ ಹಚ್ಚಿದವರಲ್ಲಿ ಪ್ರಮುಖರು ಎಸ್.ಡಿ. ಗೊಯ್ಟೈನ್. ಇವರೂ ಹೀಬ್ರೂ ವಿಶ್ವವಿದ್ಯಾನಿಲಯದಲ್ಲೇ ಮೇಷ್ಟ್ರಾಗಿದ್ದವರು. ಆ ಪತ್ರಗಳಲ್ಲಿ ಬರುವ ಬೆನ್ ಯಿಜುವಿನ ಆಳಿನ ಹೆಸರು ‘ಬೊಮ್ಮ’ ಇರಬೇಕೆಂದು ಲೇಖಕ ಅಮಿತಾವ್ ಘೋಷ್ ತರ್ಕಿಸಿದರು. 1992ರಲ್ಲಿ ಅವರು ಪ್ರಕಟಿಸಿದ ಪುಸ್ತಕದಲ್ಲಿ ತುಳುನಾಡಿನ ಈ ಹುಡುಕಾಟದ ಕಥೆಯೇ ಇದೆ.

ಇಂಥ ಮೈಮೊನಿಡೀಸನ ನಂಬಿಕೆ ಏನಾಗಿತ್ತು ಎಂಬುದನ್ನು ಲೈಬೊವಿಟ್ಸ್ ರೇಡಿಯೊದಲ್ಲಿ ಜನರಿಗೆ ತಿಳಿಯುವ ಹಾಗೆ ಹೇಳಿದರು. ಇಸ್ರೇಲಿ ಸೇನೆಯ ರೇಡಿಯೊ 1977ರಲ್ಲಿ ‘ಪ್ರಸಾರ ವಿಶ್ವವಿದ್ಯಾನಿಲಯ’ ಎಂಬ ಕಾರ್ಯಕ್ರಮ ಆರಂಭಿಸಿತ್ತು. ಪ್ರಾಧ್ಯಾಪಕರ ಉಪನ್ಯಾಸಗಳು ಅದರಲ್ಲಿ ಸರಣಿಯಾಗಿ ಬರುತ್ತಿದ್ದವು, ಆಮೇಲೆ ಕಿರುಹೊತ್ತಿಗೆಗಳಾಗಿ ಅಂಗಡಿಗೆ ಬರುತ್ತಿದ್ದವು. ಲೈಬೊವಿಟ್ಸ್ ಅವರ ಮೈಮೊನಿಡೀಸ್ ಉಪನ್ಯಾಸಗಳೂ ಹೀಗೆ 1980ರಲ್ಲಿ ಪುಸ್ತಕವಾದವು.

ಹಿಡಿಸದ ಮಾತು

ಇಷ್ಟೇ ಆಗಿದ್ದರೆ ಅವರು ಗೌರವಾನ್ವಿತ ವಿದ್ವಾಂಸರಾಗಿ ಉಳಿದುಬಿಡುತ್ತಿದ್ದರು. ಆದರೆ ಅವರು ಸಮಾಜವನ್ನು ಅದರ ಮುಖಕ್ಕೇ ನೇರವಾಗಿ ಟೀಕಿಸಿದರು.

1953ರ ಅಕ್ಟೋಬರಿನಲ್ಲಿ ಇಸ್ರೇಲಿ ಸೈನಿಕರು ಕಿಬ್ಯಾ ಎಂಬ ಅರಬ್ ಹಳ್ಳಿಗೆ ನುಗ್ಗಿ 60ಕ್ಕೂ ಹೆಚ್ಚು ಜನರನ್ನು ಕೊಂದರು. ಇಸ್ರೇಲಿನಲ್ಲಿ ತಾಯಿಯೊಬ್ಬಳೂ ಅವಳ ಮಕ್ಕಳೂ ಹತ್ಯೆಯಾದದ್ದಕ್ಕೆ ಇದು ಪ್ರತೀಕಾರವಾಗಿತ್ತು. ‘ಅವರು ಮಾಡಿದ್ದಕ್ಕೆ ನಾವು ಮಾಡಿದೆವು’ ಎಂಬ ಸಮರ್ಥನೆಯನ್ನು ಲೈಬೊವಿಟ್ಸ್ ಒಪ್ಪಲಿಲ್ಲ. ನೆಲ, ರಾಷ್ಟ್ರ, ಭದ್ರತೆಗಳಿಗೆ ‘ಪವಿತ್ರ’ ಎಂಬ ಪದ ಅಂಟಿಸಿದರೆ ಏನು ಮಾಡಿದರೂ ಸರಿ ಎನಿಸಿಬಿಡುತ್ತದೆ, ರೋಗದ ಮೂಲ ಅಲ್ಲಿದೆ ಎಂದರು.

1967ರ ಜೂನ್ ತಿಂಗಳ ಆರು ದಿನಗಳ ಯುದ್ಧದಲ್ಲಿ ಇಸ್ರೇಲ್ ಗೆದ್ದು, ಪಶ್ಚಿಮ ದಂಡೆ, ಗಾಜಾ, ಪೂರ್ವ ಜೆರುಸಲೇಂ ಅದರ ವಶವಾದಾಗ ದೇಶವೇ ಹಬ್ಬ ಆಚರಿಸಿತು. ಇದು ದೈವಸಂಕಲ್ಪ ಎಂದು ಧಾರ್ಮಿಕರಲ್ಲಿ ಅನೇಕರು ನಂಬಿದರು. ಲೈಬೊವಿಟ್ಸ್ ಮಾತ್ರ ಈ ಪ್ರದೇಶಗಳಿಂದ ಹೊರಬನ್ನಿ ಎಂದರು. ಹತ್ತು ಲಕ್ಷಕ್ಕೂ ಹೆಚ್ಚು ಅರಬರನ್ನು ಅವರ ಇಚ್ಛೆಗೆ ವಿರುದ್ಧವಾಗಿ ಆಳುವ ರಾಷ್ಟ್ರ ಗುಪ್ತ ಪೊಲೀಸರ ರಾಷ್ಟ್ರವಾಗುತ್ತದೆ. ಅದರ ಶಿಕ್ಷಣ, ವಾಕ್ ಸ್ವಾತಂತ್ರ್ಯ, ಪ್ರಜಾಪ್ರಭುತ್ವ ಎಲ್ಲಕ್ಕೂ ಹುಳು ಹಿಡಿಯುತ್ತದೆ ಎಂದು 1968ರಲ್ಲಿಯೇ ಎಚ್ಚರಿಸಿದರು. ಯೆಹೂದಿಗಳು ಪೂಜ್ಯವೆಂದು ಭಾವಿಸುವ ಜೆರುಸಲೇಮಿನ ಪಶ್ಚಿಮ ಗೋಡೆಯ ಮುಂದಿನ ಸಂಭ್ರಮವನ್ನು ಡಿಸ್ಕೊ ಕುಣಿತಕ್ಕೆ ಹೋಲಿಸಿ ಗೇಲಿ ಮಾಡಿದರು. ಧರ್ಮ ಸರ್ಕಾರದ ಸಂಬಳಕ್ಕೆ ನಿಂತರೆ ಕೆಡುವುದು ಧರ್ಮವೇ; ಆದ್ದರಿಂದ ಎರಡನ್ನೂ ಬೇರ್ಪಡಿಸಿ ಎಂದು ವಾದಿಸಿದರು. 1982ರ ಲೆಬನಾನ್ ಯುದ್ಧದ ಸಮಯದಲ್ಲಿ ಸೈನಿಕರಿಗೆ, ಹೋಗಲೊಲ್ಲೆ ಎನ್ನಿ ಎಂದು ಕರೆಕೊಟ್ಟರು. ಕೆಲವೊಮ್ಮೆ ನಾಟ್ಸಿಗಳ ಹೆಸರೆತ್ತಿ ತಮ್ಮ ದೇಶದವರನ್ನೇ ಜರೆದು, ಅಭಿಮಾನಿಗಳ ಮನಸ್ಸನ್ನೂ ನೋಯಿಸಿದರು. ಮಾತಿನಲ್ಲಿ ಹದ ಎಂಬುದು ಅವರಿಗೆ ಒಲಿದ ಗುಣವಲ್ಲ.

ಆದರೂ ಜನ ಕರೆಯುವುದನ್ನು ಬಿಡಲಿಲ್ಲ. ವಿರೋಧಿಗಳೂ ಬಂದು ಕೂರುತ್ತಿದ್ದರು, ಕೂಗಾಡುತ್ತಿದ್ದರು, ಪ್ರಶ್ನೆ ಕೇಳುತ್ತಿದ್ದರು. ಸೈನಿಕರಿಗೆ ‘ಒಲ್ಲೆ’ ಎನ್ನಲು ಹೇಳಿದ ಈ ಮನುಷ್ಯನ ಧರ್ಮಗ್ರಂಥ ವ್ಯಾಖ್ಯಾನ 1980ರ ದಶಕದಲ್ಲಿ ಸೇನೆಯ ರೇಡಿಯೊದಲ್ಲೇ ವಾರವಾರ ಬಂತು ಎಂದರೆ ನಂಬುವುದು ಕಷ್ಟ. ಪತ್ರ ಬರೆದು ಸಂದೇಹ ಕೇಳಿದ ಸಾಮಾನ್ಯರಿಗೆ ಅವರು ಉತ್ತರಿಸುತ್ತಿದ್ದರು. ಆ ಪತ್ರಗಳ ಸಂಕಲನವೊಂದು ಅವರು ತೀರಿಕೊಂಡ ಮೇಲೆ, 1999ರಲ್ಲಿ ಪ್ರಕಟವಾಯಿತು.

ಕೈಗೆ ಬಾರದ ಪ್ರಶಸ್ತಿ

1993ರಲ್ಲಿ ಅವರನ್ನು ದೇಶದ ಅತ್ಯುನ್ನತ ಗೌರವವಾದ ‘ಇಸ್ರೇಲ್ ಪ್ರಶಸ್ತಿ’ಗೆ ಆಯ್ಕೆ ಮಾಡಲಾಯಿತು. ಕೂಡಲೇ ಗದ್ದಲ ಎದ್ದಿತು. ಲೈಬೊವಿಟ್ಸ್ ಪ್ರಶಸ್ತಿ ಪಡೆಯುವ ಸಮಾರಂಭಕ್ಕೆ ತಾವು ಬರುವುದಿಲ್ಲವೆಂದು ಪ್ರಧಾನಿ ಯಿಟ್ಜಾಕ್ ರಾಬಿನ್ ಹೇಳಿದರು. 90ರ ಆಸುಪಾಸಿನ ಮುದುಕರು ಜಗ್ಗಾಡಲಿಲ್ಲ, ಪ್ರಶಸ್ತಿಯೇ ಬೇಡವೆಂದು ಹಿಂದೆ ಸರಿದರು. ಮರುವರ್ಷ, 1994ರ ಆಗಸ್ಟ್ 18ರಂದು ತೀರಿಕೊಂಡರು.

ಅದೇ ರಾಬಿನ್ 1993ರ ಸೆಪ್ಟೆಂಬರಿನಲ್ಲಿ ಪ್ಯಾಲೆಸ್ತೀನ್ ನಾಯಕರೊಡನೆ ಓಸ್ಲೋ ಒಪ್ಪಂದ ಮಾಡಿಕೊಂಡರು. 1995ರ ನವೆಂಬರ್ 4ರಂದು ಅವರನ್ನು ಗುಂಡಿಟ್ಟು ಕೊಂದವನು ಅರಬನಲ್ಲ. ದೇವರ ಹೆಸರಿನಲ್ಲಿ ಆ ಕೆಲಸಕ್ಕೆ ಇಳಿದ ಯೆಹೂದಿ ಕಾನೂನು ವಿದ್ಯಾರ್ಥಿ. ನೆಲವನ್ನು ದೇವರ ಸ್ಥಾನಕ್ಕೆ ಏರಿಸಬೇಡಿ ಎಂದು ಲೈಬೊವಿಟ್ಸ್ ಹೇಳುತ್ತಿದ್ದುದು ಬರಿಯ ಶಾಸ್ತ್ರಚರ್ಚೆಯಾಗಿರಲಿಲ್ಲ ಎಂಬುದು ಆಗ ಹಲವರಿಗೆ ಮನವರಿಕೆಯಾಯಿತು.

ಗುಡ್ಡದ ಮೇಲೆ, ಗುಡ್ಡದ ಕೆಳಗೆ

ಮಾತಿನ ಮನೆಯೆಂದು ಕಟ್ಟಿದ ಆ ಗುಡ್ಡ ರಕ್ತವನ್ನೂ ಕಂಡಿದೆ. 1948ರ ಏಪ್ರಿಲಿನಲ್ಲಿ ಅಲ್ಲಿಗೆ ಹೊರಟಿದ್ದ ವೈದ್ಯರು, ದಾದಿಯರು, ಅಧ್ಯಾಪಕರಿದ್ದ ವಾಹನಗಳ ಮೇಲೆ ಅರಬ್ ಹೋರಾಟಗಾರರು ದಾಳಿ ಮಾಡಿ 70ಕ್ಕೂ ಹೆಚ್ಚು ಜನರನ್ನು ಕೊಂದರು. ಆ ಮೇಲೆ 1967ರವರೆಗೆ ವಿಶ್ವವಿದ್ಯಾನಿಲಯ ಊರಿನ ಬೇರೆ ಕಡೆ ನಡೆಯಬೇಕಾಯಿತು. 2002ರ ಜುಲೈ 31ರಂದು ಅಲ್ಲಿಯ ಉಪಾಹಾರ ಗೃಹದಲ್ಲಿ ಹಮಾಸ್ ಇಟ್ಟ ಬಾಂಬಿಗೆ 9 ಜನ ಬಲಿಯಾದರು. ಇನ್ನೊಂದು ಕಡೆ, ಗುಡ್ಡದ ಇಳಿಜಾರಿನಲ್ಲೇ ಇರುವ ಈಸಾವಿಯಾ ಎಂಬ ಪ್ಯಾಲೆಸ್ತೀನ್ ಬಡಾವಣೆಯ ಜನ ದಶಕಗಳಿಂದ ಪೊಲೀಸ್ ಕಾವಲಿನ ನೆರಳಿನಲ್ಲಿ ಬದುಕುತ್ತಿದ್ದಾರೆ.

2023ರ ಅಕ್ಟೋಬರ್ 7ರಂದು ಹಮಾಸ್ ನಡೆಸಿದ ದಾಳಿಯಲ್ಲಿ ಸುಮಾರು 1,200 ಜನ ಸತ್ತರು. ಅದರ ಬೆನ್ನಿಗೇ ನಡೆದ ಯುದ್ಧದಲ್ಲಿ ಗಾಜಾದಲ್ಲಿ ಹತ್ತಾರು ಸಾವಿರ ಜನ ಸತ್ತರು, ಅಲ್ಲಿಯ ವಿಶ್ವವಿದ್ಯಾನಿಲಯಗಳ ಕಟ್ಟಡಗಳೂ ನೆಲಕಚ್ಚಿದವು. ಅಲ್ಲಿ ಉಪನ್ಯಾಸಕ್ಕೆ ಸಭಾಂಗಣವೇ ಇಲ್ಲದಾಯಿತು. 2024ರ ಮಾರ್ಚಿನಲ್ಲಿ ಹೀಬ್ರೂ ವಿಶ್ವವಿದ್ಯಾನಿಲಯ ತನ್ನ ಪ್ಯಾಲೆಸ್ತೀನ್ ಮೂಲದ ಪ್ರಾಧ್ಯಾಪಕಿಯೊಬ್ಬರನ್ನು ಯುದ್ಧದ ಬಗೆಗಿನ ಹೇಳಿಕೆಗಳಿಗಾಗಿ ಅಮಾನತುಗೊಳಿಸಿ, ಅದೇ ತಿಂಗಳು ಆ ಆದೇಶವನ್ನು ಹಿಂದಕ್ಕೆ ಪಡೆಯಿತು. ಮುಂದಿನ ತಿಂಗಳು ಪೊಲೀಸರು ಅವರನ್ನು ಬಂಧಿಸಿ ಬಿಟ್ಟರು. ಲೈಬೊವಿಟ್ಸ್ 1968ರಲ್ಲಿ ಶಿಕ್ಷಣ ಮತ್ತು ವಾಕ್ ಸ್ವಾತಂತ್ರ್ಯಗಳ ಹೆಸರನ್ನು ಒಟ್ಟಿಗೇ ಎತ್ತಿದ್ದು ಏಕೆಂಬುದು ಇಲ್ಲಿ ತಿಳಿಯುತ್ತದೆ. ತನ್ನವನೇ ಬೈದಾಗ ಕೇಳಿಸಿಕೊಳ್ಳುವುದು ಒಂದು ತೂಕವಾದರೆ, ‘ಆ ಕಡೆಯವರು’ ಎನಿಸಿಕೊಂಡವರು ಎದ್ದು ನಿಂತಾಗ ಕೇಳಿಸಿಕೊಳ್ಳುವುದು ಇನ್ನೂ ದೊಡ್ಡ ತೂಕ. ಸಾರ್ವಜನಿಕ ಉಪನ್ಯಾಸದ ಬೆಲೆಯನ್ನು ಚಪ್ಪಾಳೆಯಿಂದ ಅಳೆಯಲಾಗದು. ಹಿಡಿಸದ ಮಾತು ಮುಗಿಯುವವರೆಗೆ ಸಭೆ ಕುಳಿತಿರುತ್ತದೆಯೇ ಎಂಬುದೇ ಅದರ ಅಳತೆಗೋಲು.

ಕಲ್ಲಿನ ಮೇಲೆ ಒಂದು ಪದ

ಲೈಬೊವಿಟ್ಸ್ ಅವರಿಗೆ ನೆಹಾಮಾ ಎಂಬ ತಂಗಿಯಿದ್ದರು. ಅಣ್ಣನ ಹಾಗೆ ಗುಡುಗಿದವರಲ್ಲ. 1942ರಲ್ಲಿ ಅವರು ಬೈಬಲಿನ ವಾರದ ಪಾಠಕ್ಕೆ ಪ್ರಶ್ನೆಗಳ ಹಾಳೆಯೊಂದನ್ನು ಸಿದ್ಧಪಡಿಸಿ ಹಂಚಲು ಶುರುಮಾಡಿದರು. ಬೇಕಾದವರು ಉತ್ತರ ಬರೆದು ಅಂಚೆಯಲ್ಲಿ ಕಳಿಸಬಹುದಿತ್ತು. ಗೃಹಿಣಿಯರು, ಸೈನಿಕರು, ಕೃಷಿಕರು, ಮೇಷ್ಟ್ರುಗಳು ಬರೆದರು. ನೆಹಾಮಾ ಕೆಂಪು ಶಾಯಿಯಲ್ಲಿ ತಿದ್ದಿ ಹಿಂತಿರುಗಿಸುತ್ತಿದ್ದರು. 1971ರವರೆಗೆ, ಸುಮಾರು 30 ವರ್ಷ ಆ ಹಾಳೆಗಳು ಹೊರಟವು. ಮುಂದೆ ಅವರು ಟೆಲ್ ಅವೀವ್ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕಿಯಾದರು, ಅಣ್ಣ ಪಡೆಯದ ಇಸ್ರೇಲ್ ಪ್ರಶಸ್ತಿಯನ್ನು 1950ರ ದಶಕದಲ್ಲೇ ಪಡೆದಿದ್ದರು.

1997ರಲ್ಲಿ ಅವರು ತೀರಿಕೊಂಡಾಗ, ಅವರ ಇಚ್ಛೆಯಂತೆ ಸಮಾಧಿಯ ಕಲ್ಲಿನ ಮೇಲೆ ಹೆಸರಿನ ಜೊತೆಗೆ ಒಂದೇ ಒಂದು ಪದ ಬಿರುದಿನ ಜಾಗದಲ್ಲಿ ಕೆತ್ತಲ್ಪಟ್ಟಿತು. ಪ್ರಾಧ್ಯಾಪಕಿ ಎಂದಲ್ಲ, ಪಂಡಿತೆ ಎಂದಲ್ಲ. ಹೀಬ್ರೂ ಭಾಷೆಯಲ್ಲಿ ಆ ಪದ ‘ಮೋರಾ’. ಕನ್ನಡದಲ್ಲಿ, ಶಿಕ್ಷಕಿ.